ಬಡ್ಡಿ ಹಾಲಿಯನ್ನು ನೋಡಲು ಹೊರಟವರು ಮೊದಲು ಕ್ಲೋವಿಸ್‌ಗೆ ಹೋಗಿ

ಅಮೆರಿಕದ ರಾಕ್ ಅಂಡ್ ರೋಲ್ ಹಾಡುಗಾರ ಬಡ್ಡಿ ಹಾಲಿ ಎಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ವಿಮಾನ ಅಪಘಾತ. 1959ರ ಫೆಬ್ರವರಿ 3ರ ನಡುರಾತ್ರಿ, ಅಯೋವಾ ರಾಜ್ಯದ ಹಿಮ ಬಿದ್ದ ಹೊಲ, ಇಪ್ಪತ್ತೆರಡು ವರ್ಷದ ಹುಡುಗ. ಅವನ ನೆನಪಿನಲ್ಲಿ ಪ್ರವಾಸ ಹೊರಡುವವರೂ ನೇರವಾಗಿ ಆ ಹೊಲಕ್ಕೇ ಹೋಗಿ, ನಾಲ್ಕು ಫೋಟೊ ತೆಗೆದು ಬಂದುಬಿಡುತ್ತಾರೆ. ನಾವಿರುವುದು ಮಿನಿಯಾಪೊಲಿಸ್‌ನಲ್ಲಿ. ಇಲ್ಲಿಂದ ಅದು ಕಾರಿನಲ್ಲಿ ಎರಡು ಗಂಟೆಯ ದಾರಿ, ಆದ್ದರಿಂದ ನಾನೂ ಒಂದು ಭಾನುವಾರ ಹೋಗಿಬರೋಣ ಎಂದುಕೊಂಡಿದ್ದೆ. ಗಿಟಾರ್ ಕಲಿಯುತ್ತಿರುವ ನನ್ನ ಮಗಳು ಒಪ್ಪಲಿಲ್ಲ. "ಅಮ್ಮಾ, ಸತ್ತ ಜಾಗ ಆಮೇಲೆ ನೋಡೋಣ, ಮೊದಲು ಹಾಡಿದ ಜಾಗ ನೋಡೋಣ" ಎಂದಳು. ಅವಳು ಹೇಳಿದ್ದೇ ಸರಿ. ಅಕ್ಟೋಬರಿನ ರಜೆಯಲ್ಲಿ ನಾಲ್ಕು ದಿನ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊ ಕಡೆ ಹೋದೆವು. ಅದರ ಮುಂದಿನ ಶನಿವಾರ ಅಯೋವಾಕ್ಕೆ. ನೀವೂ ಇದೇ ಕ್ರಮದಲ್ಲಿ ಹೋಗಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಾಲಿ ಹುಟ್ಟಿದ್ದು 1936ರ ಸೆಪ್ಟೆಂಬರ್ 7ರಂದು, ಪಶ್ಚಿಮ ಟೆಕ್ಸಾಸ್‌ನ ಲಬಕ್ ಎಂಬ ಊರಿನಲ್ಲಿ. ಲಬಕ್‌ಗೆ ವಿಮಾನ ನಿಲ್ದಾಣವಿದೆ, ಡಲ್ಲಾಸ್‌ನಲ್ಲಿ ವಿಮಾನ ಬದಲಿಸಿ ಹೋಗಬಹುದು. ಡಲ್ಲಾಸ್‌ನಿಂದ ರಸ್ತೆಯಲ್ಲೇ ಹೋಗುತ್ತೇವೆ ಎನ್ನುವವರಿಗೆ ಸುಮಾರು 550 ಕಿಲೋಮೀಟರ್, ಐದು ಗಂಟೆಗಿಂತ ಹೆಚ್ಚು. ಯಾವ ದಾರಿಯಾದರೂ ಬಾಡಿಗೆ ಕಾರು ಬೇಕೇ ಬೇಕು, ಬಸ್ಸು ನಂಬಿಕೊಂಡು ಈ ಪ್ರವಾಸ ಸಾಧ್ಯವಿಲ್ಲ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅಲ್ಲಿ ಧೂಳಿನ ಬಿರುಗಾಳಿ ಏಳುತ್ತದೆ, ಆ ದಿನಗಳನ್ನು ಬಿಡಿ. ಅಕ್ಟೋಬರಿನಲ್ಲಿ ಹವೆ ಹಿತವಾಗಿತ್ತು. ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಹತ್ತಿ ಹೊಲ, ನೆಲ ಮಟ್ಟಸ, ಮೇಲೆ ಬರೀ ಆಕಾಶ. ಹಾವೇರಿ ಕಡೆಯಿಂದ ಬಂದ ನನಗೆ ಅರಳಿದ ಹತ್ತಿಯನ್ನು ಅಲ್ಲಿ ಕಂಡಾಗ ಕಾರು ನಿಲ್ಲಿಸದೆ ಇರಲಾಗಲಿಲ್ಲ.

ಲಬಕ್‌ನಲ್ಲಿ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಹಳೆಯ ರೈಲು ನಿಲ್ದಾಣವೊಂದನ್ನು ಬಡ್ಡಿ ಹಾಲಿ ಕೇಂದ್ರವಾಗಿ ಮಾಡಿದ್ದಾರೆ. ಹೊರಗೆ ಆಳೆತ್ತರದ ಕಪ್ಪು ಕನ್ನಡಕದ ಶಿಲ್ಪವಿದೆ, ಎಲ್ಲರೂ ಅದರ ಮುಂದೆ ನಿಲ್ಲುತ್ತಾರೆ. ಒಳಗೆ ನಿಜವಾದ ಕನ್ನಡಕವಿದೆ. ಅದರ ಮುಂದೆ ನಾವು ತುಂಬ ಹೊತ್ತು ನಿಂತೆವು. ದಪ್ಪ ಚೌಕಟ್ಟು, ಇಂದು ನೋಡಿದರೆ ಸಾಧಾರಣವಾದದ್ದೇ. ಆದರೆ ಆ ಕಾಲದಲ್ಲಿ ವೇದಿಕೆಯ ಮೇಲೆ ನಿಲ್ಲುವ ಹಾಡುಗಾರ ಕನ್ನಡಕವನ್ನು ಜೇಬಿನಲ್ಲಿ ಮುಚ್ಚಿಡಬೇಕಿತ್ತು. ಇವನು ಎದ್ದುಕಾಣುವ ಚೌಕಟ್ಟನ್ನೇ ಹಾಕಿಕೊಂಡು ನಿಂತ. ಅಪಘಾತದ ನಂತರ ವಸಂತದಲ್ಲಿ ಹಿಮ ಕರಗಿದಾಗ ಈ ಕನ್ನಡಕ ಸಿಕ್ಕಿತು. ಆಮೇಲೆ ಅಯೋವಾದ ಕೌಂಟಿ ನ್ಯಾಯಾಲಯದ ಕಟ್ಟಡದಲ್ಲಿ ಒಂದು ಲಕೋಟೆಯೊಳಗೆ ಯಾರ ಕಣ್ಣಿಗೂ ಬೀಳದೆ 1980ರವರೆಗೆ ಬಿದ್ದಿತ್ತು. ಮಗಳು ತನ್ನ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು.

ಅದೇ ಆವರಣದಲ್ಲಿ ಒಂದು ಪುಟ್ಟ ಮನೆ ಇದೆ, ಅವಸರದಲ್ಲಿ ಅದನ್ನು ಬಿಟ್ಟು ಬರಬೇಡಿ. ಅದು ಅವನ ತಂಡದ ಡ್ರಮ್ ವಾದಕ ಜೆರ್ರಿ ಆಲಿಸನ್ ಬೆಳೆದ ಮನೆ, ಊರಿನ ಬೇರೆ ಕಡೆಯಿಂದ ಇಡಿಯಾಗಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ಹಾಲಿ, ಆಲಿಸನ್ ಇಬ್ಬರೂ ಜಾನ್ ವೇಯ್ನ್ ಚಿತ್ರವೊಂದನ್ನು ನೋಡಿ ಬಂದಿದ್ದರು. ಅದರಲ್ಲಿ ನಾಯಕ ಮತ್ತೆ ಮತ್ತೆ ಹೇಳುವ ಒಂದು ಮಾತನ್ನೇ ಪಲ್ಲವಿಯಾಗಿ ಹಿಡಿದು ಈ ಮನೆಯ ಮಲಗುವ ಕೋಣೆಯಲ್ಲಿ 'ದಟ್ ವಿಲ್ ಬಿ ದ ಡೇ' ಹಾಡು ಕಟ್ಟಿದರು. ಆ ಕೋಣೆಯಲ್ಲಿ ಇಬ್ಬರು ಹುಡುಗರು, ಒಂದು ಗಿಟಾರ್, ಒಂದು ಡ್ರಮ್ ಹಿಡಿಸುವುದೇ ಕಷ್ಟ.

ಮರುದಿನ ಕ್ಲೋವಿಸ್. ಇದು ನ್ಯೂ ಮೆಕ್ಸಿಕೊದ ಊರು, ಲಬಕ್‌ನಿಂದ ವಾಯವ್ಯಕ್ಕೆ ಸುಮಾರು 160 ಕಿಲೋಮೀಟರ್. ಹಾಲಿಯ ಹಾಡುಗಳನ್ನು ಧ್ವನಿಮುದ್ರಿಸಿದ ನಾರ್ಮನ್ ಪೆಟ್ಟಿಯ ಸ್ಟುಡಿಯೊ ಇಲ್ಲಿದೆ, ಅದನ್ನು ಮುಂಚಿತವಾಗಿ ಸಮಯ ನಿಗದಿ ಮಾಡಿಕೊಂಡವರಿಗೆ ಮಾತ್ರ ತೋರಿಸುತ್ತಾರೆ. ಹಾಗೆಯೇ ಹೋಗಿ ಬಾಗಿಲು ತಟ್ಟಿದರೆ ಪ್ರಯೋಜನವಿಲ್ಲ. ಕೆಲವು ವಾರ ಮೊದಲೇ ಬರೆದು ಒಪ್ಪಿಗೆ ಪಡೆದು, ಆ ದಿನಾಂಕಕ್ಕೆ ತಕ್ಕಂತೆ ವಿಮಾನದ ಟಿಕೆಟ್ ಮಾಡಿಸಿ. ಇನ್ನೊಂದು ಎಚ್ಚರಿಕೆ: ರಾಜ್ಯದ ಗಡಿ ದಾಟಿದ ಕೂಡಲೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹೋಗುವಾಗ ಒಂದು ಗಂಟೆ ಉಳಿಯಿತು ಎಂದು ನಾವು ಖುಷಿಪಟ್ಟೆವು. ಮರಳುವಾಗ ಅದೇ ಒಂದು ಗಂಟೆ ಕೈಬಿಟ್ಟಿತು, ಹಾಲಿಯ ಸಮಾಧಿ ಇರುವ ಲಬಕ್ ಸ್ಮಶಾನ ತಲುಪುವಷ್ಟರಲ್ಲಿ ಕತ್ತಲಾಗಿ ಮರುದಿನ ಬೆಳಿಗ್ಗೆ ಮತ್ತೆ ಹೋಗಬೇಕಾಯಿತು. ದಾರಿಯಲ್ಲಿ ಲಿಟಲ್‌ಫೀಲ್ಡ್ ಎಂಬ ಸಣ್ಣ ಊರು ಸಿಗುತ್ತದೆ. ಅದು ಹಾಲಿಯ ಕೊನೆಯ ಪ್ರವಾಸದಲ್ಲಿ ಬೇಸ್ ಗಿಟಾರ್ ನುಡಿಸಿದ ವೇಲನ್ ಜೆನ್ನಿಂಗ್ಸ್ ಹುಟ್ಟಿದ ಊರು. ಆ ಹೆಸರು ನೆನಪಿಟ್ಟುಕೊಂಡಿರಿ, ಮುಂದೆ ಮತ್ತೆ ಬರುತ್ತದೆ.

ಕ್ಲೋವಿಸ್‌ಗೆ ಯಾಕೆ ಹೋಗಬೇಕು ಎಂದು ಕೇಳುವವರಿಗೆ ಒಂದು ಹಿನ್ನೆಲೆ. 1956ರಲ್ಲಿ ಡೆಕ್ಕಾ ಎಂಬ ರೆಕಾರ್ಡ್ ಕಂಪನಿ ಹಾಲಿಯನ್ನು ನ್ಯಾಶ್‌ವಿಲ್‌ಗೆ ಕರೆಸಿ ಹಾಡಿಸಿತು. Holley ಎಂಬ ಮನೆತನದ ಹೆಸರಿನಲ್ಲಿದ್ದ 'ಇ' (e) ಅಕ್ಷರ ಕರಾರು ಪತ್ರದಲ್ಲಿ ಬಿಟ್ಟುಹೋಯಿತು, ಅವನು ಆ ತಪ್ಪನ್ನೇ ಹೆಸರಾಗಿ ಉಳಿಸಿಕೊಂಡ. ಅಲ್ಲಿ ಅವನ ಮಾತಿಗೆ ಬೆಲೆ ಇರಲಿಲ್ಲ. ರೆಕಾರ್ಡುಗಳು ಓಡಲಿಲ್ಲ, ಕಂಪನಿ ಕೈಬಿಟ್ಟಿತು. ಊರಿಗೆ ಮರಳಿದವನು 1957ರ ಫೆಬ್ರವರಿಯಲ್ಲಿ ಕ್ಲೋವಿಸ್‌ಗೆ ಬಂದ. ಆಗ ಬೇರೆಡೆ ಸ್ಟುಡಿಯೊಗಳು ಗಂಟೆಗೆ ಇಷ್ಟು ಎಂದು ಹಣ ಕೇಳುತ್ತಿದ್ದವು, ಪೆಟ್ಟಿ ಹಾಡಿಗೆ ಇಷ್ಟು ಎಂದು ತೆಗೆದುಕೊಳ್ಳುತ್ತಿದ್ದ. ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ಬೀಗದ ಕೈ ಇರುವುದು ಇಲ್ಲಿಯೇ. ಗಡಿಯಾರ ನೋಡುವ ಭಯವಿಲ್ಲದ್ದರಿಂದ ಹುಡುಗರು ರಾತ್ರಿಯಿಡೀ ಪ್ರಯೋಗ ಮಾಡಿದರು, ಹಿಂದಿನ ಕೋಣೆಯಲ್ಲಿ ಮಲಗಿ ಎದ್ದು ಮತ್ತೆ ನುಡಿಸಿದರು.

ಕಟ್ಟಡ ಹೊರಗಿನಿಂದ ಸಾಮಾನ್ಯ ಮನೆಯಂತೆಯೇ ಇದೆ. ಒಳಗಿನದನ್ನು ಆ ಕಾಲದಲ್ಲಿ ಇದ್ದಂತೆಯೇ ಕಾಪಾಡಿದ್ದಾರೆ. ನಮಗೆ ತೋರಿಸಿದವರು ಪೆಟ್ಟಿಯ ಹೆಂಡತಿ ವಯ್ ನುಡಿಸಿದ ಸೆಲೆಸ್ಟಾ ಎಂಬ, ಪಿಯಾನೊದಂತೆ ಮನೆಗಳಿರುವ ವಾದ್ಯದ ಪಕ್ಕ ನಿಂತು 'ಎವೆರಿಡೇ' ಹಾಡಿನ ರೆಕಾರ್ಡಿಂಗ್ ಹಾಕಿದರು. ಆ ಹಾಡಿನಲ್ಲಿ ಡ್ರಮ್ ಇಲ್ಲ. ಆಲಿಸನ್ ತನ್ನ ತೊಡೆಯ ಮೇಲೆ ಅಂಗೈ ಬಡಿದದ್ದೇ ತಾಳ. ಮಗಳು ಕುರ್ಚಿಯಲ್ಲಿ ಕೂತು ತನ್ನ ಜೀನ್ಸ್ ಮೇಲೆ ಅದೇ ಲಯವನ್ನು ಹಿಡಿದಳು, ಆ ಸಣ್ಣ ಕೋಣೆಯಲ್ಲಿ ಎರಡು ಸದ್ದೂ ಒಂದೇ ಆಗಿ ಕೇಳಿಸಿತು. 'ನಾಟ್ ಫೇಡ್ ಅವೇ'ಗೆ ಆಲಿಸನ್ ಬಡಿದದ್ದು ರಟ್ಟಿನ ಪೆಟ್ಟಿಗೆ. 'ಪೆಗ್ಗಿ ಸೂ'ಗೆ ಡ್ರಮ್ ಸದ್ದು ತೀರಾ ಜೋರಾಯಿತೆಂದು ಅವನನ್ನು ಹೊರಗಿನ ಕೋಣೆಯಲ್ಲಿ ಕೂರಿಸಿದರು. ಗಿಟಾರಿನ ಧ್ವನಿ ನಡುವೆ ಬದಲಾಗಬೇಕಿತ್ತು, ಹಾಲಿಯ ಕೈಗೆ ಬಿಡುವಿರಲಿಲ್ಲ. ಜೊತೆಗಾರ ನಿಕಿ ಸಲಿವನ್ ಅವನ ಪಕ್ಕ ಕೂತು ಗಿಟಾರಿನ ಗುಂಡಿಯನ್ನು ಸರಿಯಾದ ಗಳಿಗೆಗೆ ಸರಿಸಿದ.

ನ್ಯಾಶ್‌ವಿಲ್‌ನಲ್ಲಿ ಹಾಡಿದ್ದನ್ನು ಬೇರೆ ಕಂಪನಿಗೆ ಮತ್ತೆ ಹಾಡುವಂತಿಲ್ಲ ಎಂದು ಡೆಕ್ಕಾ ಕರಾರಿನಲ್ಲಿತ್ತು. ಅದಕ್ಕಾಗಿ 'ದಟ್ ವಿಲ್ ಬಿ ದ ಡೇ' ಅವನ ಹೆಸರಿನಲ್ಲಿ ಬರಲಿಲ್ಲ, 'ಕ್ರಿಕೆಟ್ಸ್' ಎಂಬ ತಂಡದ ಹೆಸರಿನಲ್ಲಿ ಬಂತು. ಕ್ರಿಕೆಟ್ ಎಂದರೆ ಇಲ್ಲಿ ಆಟವಲ್ಲ, ಚಿಮ್ಮುಂಡೆ ಹುಳು. 1957ರ ಸೆಪ್ಟೆಂಬರ್ ಹೊತ್ತಿಗೆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಮುಂದಿನ ಮಾರ್ಚ್‌ನಲ್ಲಿ ತಂಡ ಇಂಗ್ಲೆಂಡಿನ ಊರೂರು ತಿರುಗಿತು. ಲಿವರ್‌ಪೂಲ್‌ನ ಹುಡುಗರು ತಮ್ಮ ಮೊದಲ ಧ್ವನಿಮುದ್ರಣಕ್ಕೆ ಇದೇ ಹಾಡನ್ನು ಆರಿಸಿದರು. ಹುಳುವಿನ ಹೆಸರಿನ ತಂಡವನ್ನು ನೋಡಿ ತಾವೂ ಜೀರುಂಡೆಯ ಹೆಸರು ಹುಡುಕಿ 'ಬೀಟಲ್ಸ್' ಆದರು. ರೋಲಿಂಗ್ ಸ್ಟೋನ್ಸ್ ಅಮೆರಿಕದಲ್ಲಿ ಕೇಳಿಬಂದದ್ದು 'ನಾಟ್ ಫೇಡ್ ಅವೇ'ಯನ್ನು ತಮ್ಮ ರೀತಿಯಲ್ಲಿ ಹಾಡಿ. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್, ತಮ್ಮ ಹಾಡನ್ನು ತಾವೇ ಕಟ್ಟಿಕೊಳ್ಳುವುದು: ಬೆಂಗಳೂರಿನ ಕಾಲೇಜು ತಂಡಗಳೂ ಇಂದಿಗೂ ನಿಲ್ಲುವುದು ಹೀಗೆಯೇ. ಈ ರೂಢಿಗೆ ರೂಪ ಬಂದ ಮುಖ್ಯ ಜಾಗಗಳಲ್ಲಿ ಕ್ಲೋವಿಸ್‌ನ ಈ ಕೋಣೆಯೂ ಒಂದು. ಹೊಲವನ್ನು ನೋಡುವ ಮುಂಚೆ ಇದನ್ನು ನೋಡಿ ಎನ್ನುವುದು ಇದಕ್ಕೇ.

ಊಟದ ವಿಷಯ. ಪಶ್ಚಿಮ ಟೆಕ್ಸಾಸ್‌ನಲ್ಲಿ ಎಲ್ಲಿ ನೋಡಿದರೂ ಮಾಂಸ. ಸಸ್ಯಾಹಾರಿಗಳಿಗೆ ಮೆಕ್ಸಿಕನ್ ಹೋಟೆಲುಗಳೇ ಗತಿ, ಆದರೆ ಬೇಯಿಸಿ ಅರೆದ ಬೀನ್ಸ್ ಕಾಳಿನಲ್ಲಿ ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಿ. ನಾವು ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆವು.

ಲಬಕ್‌ನ ಊರ ಸ್ಮಶಾನದಲ್ಲಿ ಹಾಲಿಯ ಸಮಾಧಿ ಇದೆ. ಎತ್ತರದ ಕಟ್ಟೆ ಏನೂ ಇಲ್ಲ, ನೆಲಕ್ಕೆ ಹೊಂದಿಕೊಂಡ ಚಪ್ಪಟೆ ಕಲ್ಲು. ಅದರ ಮೇಲೆ ಗಿಟಾರಿನ ಚಿತ್ರ, ಬಿಟ್ಟುಹೋದ 'ಇ' ಅಕ್ಷರ ಸೇರಿಸಿ ಬರೆದ ಮನೆತನದ ಹೆಸರು. ಬಂದವರು ಗಿಟಾರ್ ತಂತಿ ಮೀಟುವ ಪಿಕ್, ಚಿಲ್ಲರೆ ನಾಣ್ಯ ಇಟ್ಟು ಹೋಗುತ್ತಾರೆ. ಅವನ್ನು ಮುಟ್ಟಬೇಡಿ, ಸುತ್ತಲಿನ ಬೇರೆ ಸಮಾಧಿಗಳ ಮೇಲೆ ಕಾಲಿಡಬೇಡಿ.

ಮುಂದಿನ ವಾರ ಅಯೋವಾದ ಕ್ಲಿಯರ್ ಲೇಕ್. ಮಿನಿಯಾಪೊಲಿಸ್‌ನಿಂದ 35ನೇ ಅಂತರರಾಜ್ಯ ಹೆದ್ದಾರಿ ಹಿಡಿದರೆ ನೇರ ದಾರಿ, ಸುಮಾರು 210 ಕಿಲೋಮೀಟರ್. ಡೆ ಮೊಯ್ನ್ ಕಡೆಯಿಂದ ಬರುವವರಿಗೂ ಅದೇ ಹೆದ್ದಾರಿ, ಹೆಚ್ಚುಕಡಿಮೆ ಅಷ್ಟೇ ಹೊತ್ತು. ಇಲ್ಲಿಯ ಸರ್ಫ್ ಬಾಲ್‌ರೂಮ್‌ನಲ್ಲಿ ಅವನು ಕೊನೆಯ ಬಾರಿ ಹಾಡಿದ. 1948ರಲ್ಲಿ ಕಟ್ಟಿದ ನೃತ್ಯಮಂದಿರ ಅದು, ಇಂದಿಗೂ ಕಾರ್ಯಕ್ರಮ ನಡೆಯುತ್ತದೆ. ಸಂಜೆ ಕಾರ್ಯಕ್ರಮವಿರುವ ದಿನ ಹಗಲಿನಲ್ಲಿ ಒಳಗೆ ಬಿಡದೆ ಇರಬಹುದು, ಕೇಳಿಕೊಂಡು ಹೋಗಿ. ಒಳಗೆ ಸಮುದ್ರತೀರದ ಹಾಗೆ ತಾಳೆಮರಗಳು, ಛಾವಣಿಯ ಮೇಲೆ ತೇಲುವ ಮೋಡಗಳ ಬೆಳಕು. ವೇದಿಕೆಯ ಹಿಂದಿನ ಕೋಣೆಯ ಗೋಡೆಗಳ ತುಂಬ ಇಲ್ಲಿಗೆ ಬಂದ ಕಲಾವಿದರ ಸಹಿಗಳು. ಮುಂಭಾಗದಲ್ಲಿ ಹಳೆಯ ದೂರವಾಣಿ ಇದೆ. ಆ ರಾತ್ರಿ ಹಾಲಿ ನ್ಯೂಯಾರ್ಕ್‌ನಲ್ಲಿದ್ದ ಹೆಂಡತಿ ಮರಿಯಾ ಎಲೆನಾಗೆ ಅಲ್ಲಿಂದಲೇ ಕರೆ ಮಾಡಿದ್ದ. ಮದುವೆಯಾಗಿ ಆರು ತಿಂಗಳೂ ತುಂಬಿರಲಿಲ್ಲ.

ಹಾಲಿಯ ಆ ಕೊನೆಯ ಸಂಗೀತ ಪ್ರವಾಸದ ವೇಳಾಪಟ್ಟಿ ಓದಿದರೆ ಈಗಲೂ ಸಿಟ್ಟು ಬರುತ್ತದೆ. 1959ರ ಜನವರಿ 23ರಿಂದ 24 ದಿನ, 24 ಊರು. ನಕ್ಷೆಯ ಮೇಲೆ ಅಡ್ಡಾದಿಡ್ಡಿ ಓಡಾಟ, ಹೀಟರ್ ಕೆಟ್ಟ ಬಸ್ಸುಗಳು. ಈ ಪ್ರವಾಸದ ಡ್ರಮ್ ವಾದಕ ಕಾರ್ಲ್ ಬಂಚ್‌ನ ಪಾದಗಳು ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ. ಮುಂದಿನ ಊರಿಗೆ ಬೇಗ ತಲುಪಿ ನಿದ್ದೆ ಮಾಡೋಣ, ಬಟ್ಟೆ ಒಗೆಸೋಣ ಎಂದು ಹಾಲಿ ಸಣ್ಣ ವಿಮಾನವನ್ನು ಬಾಡಿಗೆಗೆ ಹಿಡಿದ, ತಲೆಗೆ 36 ಡಾಲರ್. ಜ್ವರದಲ್ಲಿದ್ದ ಸಹಗಾಯಕ 'ಬಿಗ್ ಬಾಪರ್' ರಿಚರ್ಡ್‌ಸನ್‌ಗೆ ವೇಲನ್ ಜೆನ್ನಿಂಗ್ಸ್ ತನ್ನ ಸೀಟು ಬಿಟ್ಟುಕೊಟ್ಟ. ಹದಿನೇಳರ ಗಾಯಕ ರಿಚಿ ವ್ಯಾಲೆನ್ಸ್ ನಾಣ್ಯ ಚಿಮ್ಮಿ ಗಿಟಾರ್ ವಾದಕ ಟಾಮಿ ಆಲ್ಸಪ್‌ನ ಸೀಟು ಗೆದ್ದ. ನಿನ್ನ ಬಸ್ಸು ಹೆಪ್ಪುಗಟ್ಟಲಿ ಎಂದು ಹಾಲಿ ಕೀಟಲೆ ಮಾಡಿದರೆ, ನಿನ್ನ ವಿಮಾನ ಬೀಳಲಿ ಎಂದು ಜೆನ್ನಿಂಗ್ಸ್ ತಮಾಷೆಗೆ ಹೇಳಿದ. ಆ ಮಾತು ಅವನನ್ನು ದಶಕಗಳ ಕಾಲ ಕಾಡಿತು. ಪೈಲಟ್ ರೋಜರ್ ಪೀಟರ್ಸನ್‌ಗೆ ಇನ್ನೂ ಇಪ್ಪತ್ತೊಂದು ವರ್ಷ. ಹೊರಗೆ ಏನೂ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆ ಅವನಿಗಿರಲಿಲ್ಲ, ಕೆಟ್ಟ ಹವೆಯ ಎಚ್ಚರಿಕೆಗಳು ಅವನಿಗೆ ತಲುಪಿರಲಿಲ್ಲ. ವಿಮಾನ ಏರಿದ ಕೆಲವೇ ನಿಮಿಷಗಳಲ್ಲಿ ನಾಲ್ವರೂ ಹೋದರು.

ಹೊಲ ಇರುವುದು ಊರಿನ ಉತ್ತರಕ್ಕೆ ಎಂಟು ಕಿಲೋಮೀಟರಿನಷ್ಟು ದೂರ, ಗಲ್ ಅವೆನ್ಯೂ ಮತ್ತು 315ನೇ ಬೀದಿ ಕೂಡುವಲ್ಲಿ. ಜಲ್ಲಿ ರಸ್ತೆಯ ಬದಿಯಲ್ಲಿ ದೊಡ್ಡ ಕನ್ನಡಕದ ಗುರುತು ನಿಲ್ಲಿಸಿದ್ದಾರೆ. ಕಾರನ್ನು ರಸ್ತೆಯಂಚಿಗೆ ಬಿಟ್ಟು, ಬೇಲಿಯ ಪಕ್ಕದಲ್ಲಿ ಪಶ್ಚಿಮಕ್ಕೆ ಸುಮಾರು 800 ಮೀಟರ್ ನಡೆಯಬೇಕು. ಇದು ಖಾಸಗಿ ಜಮೀನು, ರೈತರು ಬರಲು ಬಿಟ್ಟಿರುವುದು ಅವರ ದೊಡ್ಡ ಗುಣ. ಬದುವಿನ ಮೇಲೆಯೇ ನಡೆಯಿರಿ, ಬೆಳೆ ತುಳಿಯಬೇಡಿ. ಮಳೆಯಾಗಿದ್ದರೆ ಕೆಸರಿಗೆ ತಕ್ಕ ಬೂಟು ಬೇಕು. ಪುಣ್ಯತಿಥಿಯ ಸುತ್ತಮುತ್ತ ಪ್ರತಿ ವರ್ಷ ಸರ್ಫ್‌ನಲ್ಲಿ ಸಂಗೀತೋತ್ಸವ ನಡೆಯುತ್ತದೆ, ಆಗ ಬರುವವರು ಲಾಡ್ಜನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಿ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ ಇರಬಹುದು, ಆ ಗಾಳಿಗೆ ಮಕ್ಕಳನ್ನು ಕರೆದುಕೊಂಡು ಅಷ್ಟು ದೂರ ನಡೆಯಬೇಡಿ.

ನಾವು ಹೋದಾಗ ಮೆಕ್ಕೆಜೋಳ ಒಣಗಿ ಕೊಯ್ಲಿಗೆ ನಿಂತಿತ್ತು, ಎಲೆಗಳ ಚರಪರ ಸದ್ದು ಬಿಟ್ಟರೆ ಬೇರೇನಿಲ್ಲ. ಉಕ್ಕಿನಲ್ಲಿ ಮಾಡಿದ ಒಂದು ಗಿಟಾರ್, ಮೂರು ರೆಕಾರ್ಡು, ಪಕ್ಕದಲ್ಲಿ ಪೈಲಟ್‌ಗೆ ಒಂದು ಪ್ರತ್ಯೇಕ ಸ್ಮಾರಕ, ಅದನ್ನು 2009ರಲ್ಲಿ ಇಟ್ಟರು. ಐವತ್ತು ವರ್ಷ ತಡವಾಯಿತು ಎಂದು ನನಗನ್ನಿಸಿತು, ಅವನೂ ಯಾರದೋ ಮಗನೇ. ಮಗಳು ಜೇಬಿನಿಂದ ಪಿಕ್ ತೆಗೆದಳು, ಇಡುತ್ತಾಳೆ ಎಂದುಕೊಂಡೆ. ಹಿಂದಿರುಗಿಸಿ ಜೇಬಿಗೆ ಹಾಕಿಕೊಂಡು, "ಇದು ನನಗೆ ನುಡಿಸುವುದಕ್ಕೆ ಬೇಕು" ಎಂದಳು. ಆಮೇಲೆ ಬೇಲಿಯ ಉದ್ದಕ್ಕೂ ನನ್ನ ಮುಂದೆ ನಡೆಯುತ್ತ ತೊಡೆಯ ಮೇಲೆ ತಾಳ ಹಾಕತೊಡಗಿದಳು. ಬದುವಿನಲ್ಲಿ ದೀಪಗಳಿಲ್ಲ, ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಹೊರಡಿ.