ಕಡಿಮೆಯಾಗಿದ್ದದ್ದು ಗ್ಯಾಸ್ ಅಲ್ಲ, ಗಾಳಿ

ಮನೆಗಳ ಸ್ಪ್ಲಿಟ್ ಎ.ಸಿ.ಗಳ ದುರಸ್ತಿ ನನ್ನ ಕಸುಬು. ಬೇಸಿಗೆಯಲ್ಲಿ ತಂಪನ್ನೂ ಚಳಿಗಾಲದಲ್ಲಿ ಬಿಸಿಯನ್ನೂ ಕೊಡುವ, ಕಂಪ್ರೆಸರ್ ವೇಗವನ್ನು ಬೇಕಾದಂತೆ ಬದಲಿಸುವ ಇನ್ವರ್ಟರ್ ಯಂತ್ರಗಳೇ ಈಗ ನನ್ನ ಕೈಗೆ ಹೆಚ್ಚಾಗಿ ಬರುತ್ತವೆ. ಕಸುಬಿಗೆ ಇಳಿದು ಹತ್ತು ವರ್ಷ ಕಳೆದ ಮೇಲೆ ಒಂದು ಮನೆಯಲ್ಲಿ ನಾನು ಮಾಡಿದ ತಪ್ಪು ಅಂದು ಯಾರ ಕಣ್ಣಿಗೂ ಬೀಳಲಿಲ್ಲ. ಆರು ತಿಂಗಳು ಕಳೆದು, ಯಂತ್ರವನ್ನು ತಂಪಿನಿಂದ ಬಿಸಿಗೆ ತಿರುಗಿಸಿದ ದಿನ ಅದು ನನ್ನೆದುರಿಗೇ ಬಂದು ನಿಂತಿತು. ಇದೇ ತಪ್ಪನ್ನು ಇತರರೂ ಮಾಡುವುದನ್ನು ಈಗಲೂ ಕಾಣುತ್ತಿರುವುದರಿಂದ ಆ ಪ್ರಸಂಗವನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ದೂರು ನಾವು ದಿನವೂ ಕೇಳುವಂಥದ್ದೇ ಆಗಿತ್ತು: ಯಂತ್ರ ಓಡುತ್ತದೆ, ಆದರೆ ಕೋಣೆ ತಂಪಾಗುವುದಿಲ್ಲ. ನಾನು ಹೋಗಿ ಮೊದಲು ಫಿಲ್ಟರ್ ಎಳೆದು ನೋಡಿದೆ. ಮನೆಯ ಹಿರಿಯಾಕೆ ಹದಿನೈದು ದಿನಕ್ಕೊಮ್ಮೆ ತಾವೇ ಅದನ್ನು ತೊಳೆದಿಡುತ್ತಿದ್ದರು. ಅದರ ಜಾಲರಿಯಲ್ಲಿ ಒಂದು ಕಣ ಧೂಳೂ ಇರಲಿಲ್ಲ. ಅಲ್ಲಿಗೆ ಗಾಳಿಯ ವಿಚಾರ ಮುಗಿಯಿತೆಂದು ಭಾವಿಸಿ, ಯಂತ್ರವನ್ನು ಪರೀಕ್ಷಾ ಓಟಕ್ಕೆ ಹಾಕಿ, ಹೊರಗಿನ ಯೂನಿಟ್‌ಗೆ ಒತ್ತಡ ಅಳೆಯುವ ಗೇಜ್ ಜೋಡಿಸಿದೆ. ಅದು ಆರ್-410ಎ ಎಂಬ ತಂಪುಕಾರಕ ಗ್ಯಾಸಿನ ಯಂತ್ರ. 120 ಪಿಎಸ್‌ಐ ಆಸುಪಾಸಿನಲ್ಲಿ ಇರಬೇಕಾಗಿದ್ದ ಸಕ್ಷನ್ ಒತ್ತಡ, ಅಂದರೆ ಕಂಪ್ರೆಸರ್ ಎಳೆದುಕೊಳ್ಳುವ ಗ್ಯಾಸಿನ ಒತ್ತಡ, 95ಕ್ಕೆ ಇಳಿದಿತ್ತು. ಅಷ್ಟು ಒತ್ತಡದಲ್ಲಿ ಆ ಗ್ಯಾಸ್ ಸೊನ್ನೆ ಡಿಗ್ರಿಗಿಂತಲೂ ಕೆಳಗಿನ ತಾಪದಲ್ಲಿ ಕುದಿಯುತ್ತದೆ, ಅಂದರೆ ಒಳಗಿನ ಕಾಯಿಲ್ (ಗ್ಯಾಸ್ ಹರಿಯುವ ಕೊಳವೆಗಳ ಸಾಲು) ಮೇಲೆ ಮಂಜು ಕಟ್ಟುತ್ತದೆ. "ಗ್ಯಾಸ್ ಕಡಿಮೆಯಾಗಿದೆ ಅಮ್ಮ" ಎಂದು ಹೇಳಿ, ಸೂಜಿ 120ರ ಹತ್ತಿರ ಬರುವವರೆಗೆ ತುಂಬಿಸಿ, ಹಣ ಪಡೆದು ಹೊರಟೆ. ಅಂದು ಕೋಣೆ ತುಸು ಹೆಚ್ಚು ತಂಪಾದಂತೆಯೂ ತೋರಿತ್ತು. ಸೋರಿಕೆ ಎಲ್ಲಿದೆ ಎಂದು ಹುಡುಕುವ ಗೋಜಿಗೂ ಹೋಗಲಿಲ್ಲ. ಗ್ಯಾಸ್ ಉರಿದು ಖರ್ಚಾಗುವ ಪದಾರ್ಥವಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರಿರಲೇಬೇಕು ಎಂಬುದನ್ನು ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನೇ.

ಆ ದಿನದ ಟಿಪ್ಪಣಿ ನನ್ನ ಪುಸ್ತಕದಲ್ಲಿ ಈಗಲೂ ಇದೆ. ಒಳಗಿನ ಯೂನಿಟ್ ಎಳೆದುಕೊಳ್ಳುವ ಗಾಳಿ 27 ಡಿಗ್ರಿ, ಹೊರಬಿಡುವ ಗಾಳಿ 9 ಡಿಗ್ರಿ, ಎರಡು ಯೂನಿಟ್‌ಗಳನ್ನು ಜೋಡಿಸುವ ದಪ್ಪ ಪೈಪು ಹೊರಗಿನ ವಾಲ್ವಿನವರೆಗೂ ತಣ್ಣಗಿದ್ದು ಬೆವರುತ್ತಿದೆ ಎಂದು ನನ್ನ ಕೈಬರಹದಲ್ಲೇ ಇದೆ. ಈ ಮೂರೂ ಗ್ಯಾಸ್ ಸಾಕಷ್ಟಿದೆ ಎಂದೇ ಹೇಳುತ್ತಿದ್ದವು. ಗ್ಯಾಸ್ ನಿಜವಾಗಿ ಕಡಿಮೆಯಿದ್ದರೆ ಅದು ಕಾಯಿಲ್‌ನ ಮೊದಲ ಕೆಲವು ಸಾಲುಗಳಲ್ಲೇ ಆವಿಯಾಗಿ ಮುಗಿದು, ಅಲ್ಲಿ ಮಾತ್ರ ಮಂಜು ಕಟ್ಟಿ, ಉಳಿದ ಭಾಗ ಒಣಗಿರುತ್ತದೆ. ಹೊರಬರುವ ಗಾಳಿ ಅರೆತಂಪಾಗಿರುತ್ತದೆ. ದಪ್ಪ ಪೈಪು ಮುಟ್ಟಿದರೆ ಬೆಚ್ಚಗಿರುತ್ತದೆ. ಸರಿಯಾಗಿರುವ ಯಂತ್ರದಲ್ಲಿ ಒಳಹೋಗುವ ಮತ್ತು ಹೊರಬರುವ ಗಾಳಿಯ ನಡುವಿನ ಅಂತರ ಸಾಮಾನ್ಯವಾಗಿ 8ರಿಂದ 12 ಡಿಗ್ರಿ. ಇಲ್ಲಿ 18 ಡಿಗ್ರಿ ಇತ್ತು. ಹರಿಯುವ ಗಾಳಿ ತೀರಾ ಕಡಿಮೆಯಾದಾಗ ಮಾತ್ರ ಅದು ಕಾಯಿಲ್ ಮೇಲೆ ಹೆಚ್ಚು ಹೊತ್ತು ನಿಂತು ಅಷ್ಟು ತಣ್ಣಗಾಗಲು ಸಾಧ್ಯ. ನಾನು ಆ ಅಂಕಿಯ ಎದುರಿಗೆ "ತಂಪು ಚೆನ್ನಾಗಿದೆ" ಎಂದು ಬರೆದಿದ್ದೆ.

ಚಳಿಗಾಲದಲ್ಲಿ ಅದೇ ಮನೆಯಿಂದ ಕರೆ ಬಂತು. ಬಿಸಿ ಗಾಳಿ ಬರಲು ಶುರುವಾಗಿ ಹದಿನೈದು ನಿಮಿಷಕ್ಕೆ ಹೊರಗಿನ ಯೂನಿಟ್ ನಿಲ್ಲುತ್ತದೆ, ಕೆಲವು ನಿಮಿಷ ಬಿಟ್ಟು ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. "ಬೇಸಿಗೆಯಲ್ಲಿ ನೀವೇ ಬಂದು ಗ್ಯಾಸ್ ಹಾಕಿ ಹೋದಿರಿ, ಈಗ ಬಿಸಿಯೂ ಉಳಿಯುತ್ತಿಲ್ಲವಲ್ಲಪ್ಪಾ" ಎಂದು ಹಿರಿಯಾಕೆ ಬೇಸರದಿಂದಲೇ ಹೇಳಿದರು.

ಮೊದಲು ನನಗೆ ತೋಚಿದ್ದು ಡಿಫ್ರಾಸ್ಟ್. ಬಿಸಿ ಮಾಡುವಾಗ ಹೊರಗಿನ ಕಾಯಿಲ್ ತಣ್ಣಗಿದ್ದು ಅದರ ಮೇಲೆ ಮಂಜು ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರವು ಗ್ಯಾಸ್ ಹರಿಯುವ ದಿಕ್ಕನ್ನು ಬದಲಿಸುವ ರಿವರ್ಸಿಂಗ್ ವಾಲ್ವನ್ನು ತಿರುಗಿಸಿ, ಎರಡೂ ಫ್ಯಾನುಗಳನ್ನು ನಿಲ್ಲಿಸಿ, ಕೆಲವು ನಿಮಿಷ ಬಿಸಿ ಗ್ಯಾಸನ್ನು ಹೊರಗೆ ಕಳುಹಿಸುತ್ತದೆ. ಆಗ ಬುಸ್ ಎಂಬ ಸದ್ದಾಗುತ್ತದೆ, ಹೊರಗಿನ ಯೂನಿಟ್‌ನಿಂದ ಹಬೆ ಏಳುತ್ತದೆ. ಹೊಗೆ ಬರುತ್ತಿದೆ ಎಂದು ಗಾಬರಿಯಿಂದ ಕರೆಯುವವರಲ್ಲಿ ಹೆಚ್ಚಿನವರು ನೋಡಿರುವುದು ಈ ಹಬೆಯನ್ನೇ. ಆದರೆ ಇಲ್ಲಿ ಹೊರಗಿನ ಕಾಯಿಲ್ ಮೇಲೆ ಮಂಜೂ ಇರಲಿಲ್ಲ, ಹಬೆಯೂ ಇರಲಿಲ್ಲ, ಡಿಫ್ರಾಸ್ಟ್ ವೇಳೆಯಲ್ಲಿ ಓಡುತ್ತಲೇ ಇರಬೇಕಾದ ಕಂಪ್ರೆಸರ್ ಪೂರ್ತಿ ನಿಂತುಹೋಗುತ್ತಿತ್ತು.

ಬಿಸಿಯ ಓಟದಲ್ಲಿ ದಪ್ಪ ಪೈಪಿನ ಸರ್ವಿಸ್ ವಾಲ್ವಿನಲ್ಲಿ ಸಿಗುವುದು ಸಕ್ಷನ್ ಅಲ್ಲ, ಕಂಪ್ರೆಸರ್‌ನಿಂದ ನೇರವಾಗಿ ಬರುವ ಹೆಚ್ಚಿನ ಒತ್ತಡ. ಆದ್ದರಿಂದ ಗೇಜಿನ ಕೆಂಪು ಬದಿಯನ್ನೇ ಜೋಡಿಸಬೇಕು. ಜೋಡಿಸಿ ನೋಡಿದರೆ ಸೂಜಿ 300 ದಾಟಿ, 400 ದಾಟಿ, 480ರವರೆಗೆ ಏರಿತು. ಕಂಪ್ರೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿರುವುದು ಕಿವಿಗೆ ಕೇಳುತ್ತಿತ್ತು. ಕೊನೆಗೆ ಅದು ನಿಂತಿತು. ಬಿಸಿಯ ಓಟದಲ್ಲಿ ಶಾಖವನ್ನು ಬಿಟ್ಟುಕೊಡಬೇಕಾದದ್ದು ಒಳಗಿನ ಕಾಯಿಲ್. ಅದರ ಮೇಲೆ ಗಾಳಿ ಸಾಕಷ್ಟು ಹರಿಯದಿದ್ದರೆ ಶಾಖ ಅಲ್ಲೇ ಉಳಿದು ಒತ್ತಡ ಏರುತ್ತದೆ. ಅದರ ಜೊತೆಗೆ ಯಾರೋ ಹೆಚ್ಚಿಗೆ ಗ್ಯಾಸನ್ನೂ ತುಂಬಿದ್ದರೆ ಇನ್ನೂ ಬೇಗ ಏರುತ್ತದೆ. ಆ ಯಾರೋ ಯಾರೆಂಬುದು ನನಗೆ ಹೊಳೆದದ್ದು ಆಗ.

ಒಳಗೆ ಹೋಗಿ, ವಿದ್ಯುತ್ ತೆಗೆದು, ಗಾಳಿ ಹೊರಬರುವ ಬಾಯಿಯ ಪಟ್ಟಿಯನ್ನು ಬೆರಳಿನಿಂದ ಕೆಳಗಿಳಿಸಿ ಟಾರ್ಚ್ ಹಾಕಿದೆ. ಬ್ಲೋವರ್ ಎಂದರೆ ಉದ್ದನೆಯ ಉರುಳೆ. ಅದರ ಸುತ್ತ ಬೆರಳಗಲಕ್ಕಿಂತ ಕಿರಿದಾದ, ಚಮಚದಂತೆ ಬಾಗಿದ ರೆಕ್ಕೆಗಳಿರುತ್ತವೆ. ಆ ಬಾಗಿನಲ್ಲೇ ಗಾಳಿಯನ್ನು ಮೊಗೆದು ಮುಂದೆ ಎಸೆಯುವ ಶಕ್ತಿ ಇರುವುದು. ಇಲ್ಲಿ ಪ್ರತಿ ರೆಕ್ಕೆಯ ಬಾಗೂ ಬೂದು ಬಣ್ಣದ ಕಂಬಳಿಯಂಥ ಪದರದಿಂದ ತುಂಬಿ ಸಮತಟ್ಟಾಗಿತ್ತು. ಉಗುರಿನಿಂದ ಕೆರೆದಾಗ ಅದು ಜಿಡ್ಡುಜಿಡ್ಡಾದ ಪಟ್ಟಿಯಾಗಿ ಎದ್ದು ಬಂತು. ಫಿಲ್ಟರ್ ಜಾಲರಿ ತಡೆಯುವುದು ನೂಲು, ಕೂದಲು, ದಪ್ಪ ಧೂಳನ್ನು ಮಾತ್ರ. ನವಿರಾದ ಧೂಳೂ ಅಡುಗೆಯ ಎಣ್ಣೆಯ ಹಬೆಯೂ ಅದರ ಮೂಲಕ ಸಲೀಸಾಗಿ ನುಸುಳಿ, ಕಾಯಿಲ್ ದಾಟಿ, ತೇವವಿರುವ ಉರುಳೆಗೆ ಅಂಟಿಕೊಳ್ಳುತ್ತವೆ.

ಇಷ್ಟಾದರೂ ಬೇಸಿಗೆಯಲ್ಲಿ ಯಂತ್ರ ಯಾವ ದೋಷಸಂಕೇತವನ್ನೂ ತೋರಿಸಿರಲಿಲ್ಲ. ಇದರ ಕಾರಣವನ್ನು ನಾನು ಆಮೇಲೆ ಯೋಚಿಸಿ ಅರ್ಥಮಾಡಿಕೊಂಡೆ. ಯಂತ್ರವನ್ನು ನಿಯಂತ್ರಿಸುವ ಬೋರ್ಡಿಗೆ ಗೊತ್ತಾಗುವುದು ಬ್ಲೋವರ್ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದು ಮಾತ್ರ. ಕೇಳಿದಷ್ಟು ಸುತ್ತು ತಿರುಗುತ್ತಿದ್ದರೆ ಅದರ ಲೆಕ್ಕದಲ್ಲಿ ಎಲ್ಲವೂ ಸರಿ; ಎಷ್ಟು ಗಾಳಿ ಹೊರಬಂತು ಎಂದು ಅಳೆಯುವ ಸಾಧನ ಅದರೊಳಗೆ ಇಲ್ಲ. ಆ ಅಳತೆಯನ್ನು ನಾವೇ ಬಾಯಿಯ ಮುಂದೆ ಕೈಯೊಡ್ಡಿ ಮಾಡಬೇಕು.

ಉರುಳೆಯನ್ನು ಬಿಚ್ಚಿ ತೊಳೆದಾಗ ಬಕೆಟ್ಟಿನ ನೀರು ಮೂರು ಸಲ ಕಪ್ಪಾಯಿತು. ನಂತರ ಯಂತ್ರದೊಳಗಿನ ಗ್ಯಾಸನ್ನೆಲ್ಲ ರಿಕವರಿ ಸಿಲಿಂಡರಿಗೆ ಎಳೆದುಕೊಂಡು ತೂಗಿದೆ. ಹೊರಗಿನ ಯೂನಿಟ್‌ನ ಫಲಕದಲ್ಲಿ 1.05 ಕೆ.ಜಿ. ಎಂದಿತ್ತು, ಹೆಚ್ಚುವರಿ ಗ್ಯಾಸ್ ಬೇಕಾಗುವಷ್ಟು ಪೈಪು ಉದ್ದವೂ ಇರಲಿಲ್ಲ, ತಕ್ಕಡಿ 1.31 ತೋರಿಸಿತು. ಆ 260 ಗ್ರಾಂ ನಾನು ತುಂಬಿದ್ದು. ಪೈಪುಗಳ ಜೋಡಣೆಯ ಫ್ಲೇರ್ ನಟ್ಟುಗಳನ್ನು ನೈಟ್ರೋಜನ್ ಒತ್ತಡದಲ್ಲಿ ಸಾಬೂನು ನೊರೆ ಹಚ್ಚಿ ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಆ ಯಂತ್ರ ಎಂದೂ ಸೋರಿರಲೇ ಇಲ್ಲ. 500 ಮೈಕ್ರಾನ್‌ಗಿಂತ ಕೆಳಗಿನ ಒತ್ತಡಕ್ಕೆ ನಿರ್ವಾತ ಮಾಡಿ, ಫಲಕದ ತೂಕಕ್ಕೆ ಸರಿಯಾಗಿ ಗ್ಯಾಸ್ ತುಂಬಿ ಚಾಲೂ ಮಾಡಿದಾಗ ಎದುರು ಗೋಡೆಯ ಕ್ಯಾಲೆಂಡರಿನ ಹಾಳೆ ಅಲುಗಾಡಿತು. ಬೇಸಿಗೆಯಲ್ಲಿ ಅದು ಅಲುಗಾಡಿದ್ದು ನನಗೆ ನೆನಪಿಲ್ಲ. ಒತ್ತಡ 360ರಲ್ಲಿ ನಿಂತು, ಮುಕ್ಕಾಲು ಗಂಟೆ ಯಂತ್ರ ನಿಲ್ಲದೆ ಓಡಿತು.

ಅಂದಿನಿಂದ ಗೇಜಿನ ಪೆಟ್ಟಿಗೆಯನ್ನು ಗಾಡಿಯಲ್ಲೇ ಬಿಟ್ಟು ಮನೆಯೊಳಗೆ ಹೋಗುತ್ತೇನೆ. ಇನ್ವರ್ಟರ್ ಕಂಪ್ರೆಸರ್ ಕ್ಷಣಕ್ಷಣಕ್ಕೂ ವೇಗ ಬದಲಿಸುವುದರಿಂದ ಒತ್ತಡವೊಂದನ್ನೇ ನೋಡಿ ಗ್ಯಾಸಿನ ಪ್ರಮಾಣ ಹೇಳುವುದು ಹೇಗೂ ಸಾಧ್ಯವಿಲ್ಲ. ಅನುಮಾನವಿದ್ದರೆ ಪೂರ್ತಿ ತೆಗೆದು ತೂಗುವುದೇ ದಾರಿ. ಮೊದಲು ಗಾಳಿ, ಉರುಳೆ, ಕಾಯಿಲ್, ಆಮೇಲೆ ಸೆನ್ಸರ್. ಕಾಯಿಲ್ ಸೆನ್ಸರ್ ತನ್ನ ಕೊಳವೆಯಿಂದ ಜಾರಿ ಹೊರಗೆ ನೇತಾಡುತ್ತಿದ್ದರೂ ಯಂತ್ರ ತಪ್ಪು ತಾಪವನ್ನೇ ನಂಬಿ ಓಡುತ್ತದೆ; ಬಹಳಷ್ಟು ಯಂತ್ರಗಳ ಸೆನ್ಸರ್‌ಗಳು 25 ಡಿಗ್ರಿಯಲ್ಲಿ 5, 10 ಅಥವಾ 20 ಕಿಲೋಓಮ್ ವಿದ್ಯುತ್ ರೋಧ ತೋರಿಸುತ್ತವೆ, ತಯಾರಕರ ಪಟ್ಟಿಯೊಡನೆ ಹೋಲಿಸಿದರೆ ಎರಡು ನಿಮಿಷದ ಕೆಲಸ. ಒಳಗಿನ ಮತ್ತು ಹೊರಗಿನ ಯೂನಿಟ್‌ಗಳ ನಡುವಿನ ಸಂವಹನ ದೋಷ ಬಂದರೆ ಬೋರ್ಡ್ ಬದಲಿಸುವ ಮುನ್ನ ವಯರಿನ ಉದ್ದಕ್ಕೂ ಕೈಯಾಡಿಸುತ್ತೇನೆ. ಟೇಪು ಸುತ್ತಿದ ಜೋಡಣೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಹಿರಿಯಾಕೆಗೆ ನಡೆದದ್ದನ್ನೆಲ್ಲ ಹೇಳಿ, ಬೇಸಿಗೆಯಲ್ಲಿ ಪಡೆದ ಹಣವನ್ನು ಹಿಂದಿರುಗಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ತಿಂಗಳು ಹೆಚ್ಚು ಗ್ಯಾಸ್ ಹೊತ್ತು ಓಡಿತಲ್ಲ, ಕಂಪ್ರೆಸರ್‌ಗೆ ಏನೂ ಆಗಿಲ್ಲವೇ?" ನನ್ನ ಬಳಿ ಖಚಿತವಾದ ಉತ್ತರ ಇರಲಿಲ್ಲ, ಹಾಗೆಂದೇ ಹೇಳಿದೆ. ಪ್ರತಿ ಸರ್ವಿಸ್‌ನಲ್ಲೂ ಅದು ಎಳೆಯುವ ಕರೆಂಟನ್ನು ಕ್ಲಾಂಪ್ ಮೀಟರಿನಲ್ಲಿ ಅಳೆದು ಅದೇ ಹಳೆಯ ಟಿಪ್ಪಣಿಯ ಕೆಳಗೆ ಬರೆಯುತ್ತೇನೆ. ಇದುವರೆಗಿನ ನಾಲ್ಕು ಅಂಕಿಗಳಲ್ಲಿ ಹೆಚ್ಚುಕಡಿಮೆ ಕಂಡಿಲ್ಲ.