ಗುಜ್ಜೆ, ಸಾಗುವಾನಿ ಎಲೆ, ಐದು ಗಂಟೆ ಸಣ್ಣ ಉರಿ

ಮೊನ್ನೆ ಪುತ್ತೂರಿನಿಂದ ಬಸ್ಸಿನಲ್ಲಿ ಎರಡು ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ, ಬಂದವು. ಅಮ್ಮ ಕಳಿಸಿದ್ದು. ಒಂದನ್ನು ಪಲ್ಯ ಮಾಡು, ಇನ್ನೊಂದನ್ನು ಏನು ಬೇಕಾದರೂ ಮಾಡಿಕೋ ಅಂದರು. ಆ "ಏನು ಬೇಕಾದರೂ" ಏನು ಅಂತ ಅವರಿಗೆ ಗೊತ್ತು. ಜೋಗ್ಜಾದಿಂದ ವಾಪಸ್ ಬಂದ ಮೇಲೆ ಪ್ರತಿ ವರ್ಷ ಗುಜ್ಜೆ ಸಿಕ್ಕ ಕೂಡಲೇ ನಾನು ಗುಡೆಗ್ ಮಾಡುತ್ತೇನೆ, ಗುಜ್ಜೆಯನ್ನು ಬೆಲ್ಲ, ತೆಂಗಿನ ಹಾಲಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಅಲ್ಲಿನ ಅಡುಗೆ.

ಜೋಗ್ಜಾ ಅಂದರೆ ಯೋಗ್ಯಕರ್ತಾ, ಇಂಡೋನೇಷ್ಯಾದ ಜಾವಾ ದ್ವೀಪದ ನಡುವಿನ ಊರು. ಅಲ್ಲಿಯವರು ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆವು. ನಾವಿದ್ದ ಬಾಡಿಗೆ ಮನೆಯ ಹಿಂದೆಯೇ ಮನೆಯೊಡತಿಯ ಅಡುಗೆಮನೆ. ಅವರನ್ನು ನಾವು "ಬು" ಅಂತ ಕರೆಯುತ್ತಿದ್ದೆವು, ಅಮ್ಮ ಅಂತ ಅರ್ಥ. ಅವರು ನನ್ನನ್ನು "ಮ್ಬಾಕ್" ಅನ್ನುತ್ತಿದ್ದರು, ಅಂದರೆ ಅಕ್ಕ. ವಯಸ್ಸಿನಲ್ಲಿ ನಾನು ಅವರ ಮಗಳಿಗಿಂತ ಚಿಕ್ಕವಳು, ಆದರೂ ಅಲ್ಲಿ ಮರ್ಯಾದೆಗೆ ಹಾಗೆಯೇ ಕರೆಯುವುದು. ಇಲ್ಲಿ ಬರೆಯುವುದೆಲ್ಲ ಆ ಅಡುಗೆಮನೆಯಲ್ಲಿ ಕಲಿತದ್ದು.

ಮೊದಲ ದಿನ ಅವರ ಒಲೆ ಮೇಲೆ ಎಳೆ ಹಲಸಿನಕಾಯಿ ಬೇಯುವುದು ನೋಡಿ ನಾನು ಗುಜ್ಜೆ ಗುಜ್ಜೆ ಅಂತ ಕೂಗಿದ್ದೆ. ಅವರು ಅದನ್ನು "ಗೋರಿ" ಅಂದರು. ಪಾತ್ರೆಯ ತಳದಲ್ಲಿ ಹಾಸಿದ್ದು ಸಾಗುವಾನಿ ಎಲೆ. ನಮ್ಮ ಕಡೆ ಹಲಸಿನ ಹಣ್ಣಿನ ಗಟ್ಟಿಯನ್ನು ಸಾಗುವಾನಿ ಎಲೆಯಲ್ಲಿ ಸುತ್ತಿ ಬೇಯಿಸಿದರೆ ಕೆಂಪು ಬಣ್ಣ ಇಳಿಯುತ್ತದಲ್ಲ, ಅದೇ ಬಣ್ಣಕ್ಕಾಗಿ ಅವರೂ ಅದನ್ನೇ ಹಾಕುತ್ತಾರೆ. ಅದೇ ಹಲಸು, ಅದೇ ಎಲೆ, ತೆಂಗಿನಕಾಯಿಯೂ ಅದೇ. ನನಗೆ ಗಂಟಲು ಕಟ್ಟಿದ ಹಾಗಾಯಿತು. ಊರು ಬಿಟ್ಟು ಆಗ ಮೂರು ವಾರ ಆಗಿತ್ತಷ್ಟೆ.

ಸಾಮಾನು ಹೆಚ್ಚುಕಡಿಮೆ ನಮ್ಮದೇ ಆದರೂ ಅಡುಗೆಯ ದಾರಿ ಬೇರೆ. ಅದು ಅರ್ಥವಾಗಲು ನನಗೆ ತಿಂಗಳುಗಳೇ ಬೇಕಾದವು. ಅಲ್ಲಿ ಒಗ್ಗರಣೆ ಇಲ್ಲ. ಸಾಸಿವೆ ಸಿಡಿಸುವುದಿಲ್ಲ, ಕರಿಬೇವು ಇಲ್ಲ, ಇಂಗು ಇಲ್ಲ, ಕೊನೆಗೆ ಚುಂಯ್ ಅನ್ನಿಸಿ ಮುಚ್ಚಳ ಹಾಕುವುದಿಲ್ಲ. ಪರಿಮಳ ಎಲ್ಲ ಮೊದಲಿಗೇ ಒಳಗೆ ಹೋಗಿಬಿಡಬೇಕು, ಆಮೇಲೆ ಕಾಯಬೇಕು. ಆ ಮೊದಲಿನ ಅರೆದ ಮಸಾಲೆಗೆ "ಬುಂಬು" ಅನ್ನುತ್ತಾರೆ. ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಕೆಮಿರಿ ಅನ್ನುವ ಎಣ್ಣೆಬೀಜ ಸೇರಿಸಿ ಅರೆದರೆ ಬಿಳಿ ಬುಂಬು. ಅದಕ್ಕೆ ಅರಿಶಿನ ಸೇರಿದರೆ ಹಳದಿ, ಕೆಂಪು ಮೆಣಸು ಸೇರಿದರೆ ಕೆಂಪು ಬುಂಬು. ಜಾವಾದ ಅರ್ಧಕ್ಕರ್ಧ ಮನೆ ಅಡುಗೆ ಈ ಮೂರರಿಂದಲೇ ಹೊರಡುತ್ತದೆ. ಇದು ತಿಳಿದರೆ ಪುಸ್ತಕ ನೋಡದೆ ಅಡುಗೆ ಮಾಡಬಹುದು.

ಅರೆಯುವುದು ಚೊಬೆಕ್ ಅನ್ನುವ ಕಲ್ಲಿನ ತಟ್ಟೆಯಲ್ಲಿ. ಮೆರಾಪಿ ಜ್ವಾಲಾಮುಖಿಯ ಬುಡದಲ್ಲಿ ಮುಂತಿಲಾನ್ ಅಂತ ಊರಿದೆ, ಅಲ್ಲಿ ಕಲ್ಲು ಕೆತ್ತುವವರೇ ತುಂಬ. ಬು ಹತ್ತಿರ ಇದ್ದದ್ದು ಅಲ್ಲಿಯದೇ, ಕಪ್ಪು ಕಲ್ಲು, ಅವರ ಅತ್ತೆ ಕಾಲದ್ದು. ನಮ್ಮ ಒರಳಿನ ಹಾಗೆ ಆಳ ಇಲ್ಲ. ಕುಟ್ಟುವುದೂ ಇಲ್ಲ. ಬಾಗಿದ ಗುಂಡನ್ನು ಮುಂದೆ ತಳ್ಳಿ ಹಿಂದಕ್ಕೆ ಎಳೆಯುವುದು, ತಳ್ಳಿ ಎಳೆಯುವುದು. ಮೊದಲು ಉಪ್ಪು, ಕೊತ್ತಂಬರಿ. ಆಮೇಲೆ ಬೆಳ್ಳುಳ್ಳಿ. ನೀರಿರುವ ಈರುಳ್ಳಿ ಕೊನೆಗೆ. ನಾನು ಬೆಂಗಳೂರಿನಲ್ಲಿ ಮಿಕ್ಸಿಯಲ್ಲೇ ಮಾಡುತ್ತೇನೆ, ತೊಂದರೆ ಏನಿಲ್ಲ, ಆದರೆ ನೀರು ಹಾಕಬೇಡಿ. ತಿರುಗದಿದ್ದರೆ ಎರಡು ಚಮಚ ಎಣ್ಣೆ ಹಾಕಿ. ನೀರು ಹಾಕಿದರೆ ಹುರಿಯುವಾಗ ಬುಂಬು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ, ಹಸಿ ಈರುಳ್ಳಿ ವಾಸನೆ ಕೊನೆತನಕ ಹೋಗುವುದಿಲ್ಲ.

ಕೆಮಿರಿ ಇಲ್ಲಿ ಸುಲಭವಾಗಿ ಸಿಗುವುದಿಲ್ಲ. ಗೋಡಂಬಿ ಹಾಕಿ, ಸಾಕು. ಯಾರಾದರೂ ಅಲ್ಲಿಂದ ತಂದುಕೊಟ್ಟರೆ ಹಸಿಯಾಗಿ ಬಾಯಿಗೆ ಹಾಕಿಕೊಳ್ಳಬೇಡಿ, ಹೊಟ್ಟೆ ಕೆಡುತ್ತದೆ, ಬೇಯಿಸಿಯೇ ತಿನ್ನಬೇಕು. ಲೆಂಗ್ಕುವಾಸ್ ಅಂದರೆ ಗಲಂಗಲ್, ನೋಡಲು ಶುಂಠಿ ತರಹ. ಅದರ ಬದಲು ಶುಂಠಿ ಹಾಕಿದರೆ ರುಚಿ ಎಲ್ಲಿಗೋ ಹೋಗುತ್ತದೆ. ಸಿಗದಿದ್ದರೆ ಬಿಟ್ಟುಬಿಡಿ, ಅದೇ ವಾಸಿ. ಸಲಾಂ ಎಲೆ ನಮ್ಮ ನೇರಳೆಯ ಬಳಗದ ಮರದ ಎಲೆ. ಪಲಾವ್ ಎಲೆ ಅದರ ಬದಲಿ ಅಂತ ಎಲ್ಲರೂ ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. ಎರಡಕ್ಕೂ ಸಂಬಂಧವೇ ಇಲ್ಲ. ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಮಾತ್ರ ಕುಂಡದಲ್ಲಿ ಬೆಳೆಯುತ್ತದೆ, ಬೇರೆ ಅಡುಗೆಗಳಿಗೆ ಬೇಕೇ ಬೇಕು.

ಇನ್ನು ಬೆಲ್ಲ. ಅಲ್ಲಿ ಸಕ್ಕರೆಗೆ "ಗುಲ" ಅನ್ನುತ್ತಾರೆ, ಸಂಸ್ಕೃತದ ಗುಡದಿಂದ ಬಂದ ಮಾತು. ಗುಲ ಜಾವ ಅಂದರೆ ಜಾವಾದ ಬೆಲ್ಲ, ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ ಕಾಯಿಸಿ ಮಾಡಿದ್ದು. ಜೋಗ್ಜಾದ ಪಕ್ಕದ ಕುಲೊನ್ ಪ್ರೊಗೊದಲ್ಲಿ ಮನೆಮನೆಯಲ್ಲೂ ಕಾಯಿಸುವವರಿದ್ದಾರೆ. ತೆಂಗಿನ ಚಿಪ್ಪಿನಲ್ಲಿ ಎರೆದ ಅರ್ಧಗೋಲದ ಅಚ್ಚು, ಕಂದು ಬಣ್ಣ, ಸ್ವಲ್ಪ ಹೊಗೆ ವಾಸನೆ. ನಾನು ಮಂಗಳೂರಿನ ಓಲೆಬೆಲ್ಲ, ಅಂದರೆ ತಾಳೆಬೆಲ್ಲ, ಹಾಕುತ್ತೇನೆ. ಕಬ್ಬಿನ ಬೆಲ್ಲ ಹಾಕಿದ್ದೂ ಇದೆ, ಸಿಹಿ ಬರುತ್ತದೆ, ಆ ಹೊಗೆಯ ರುಚಿ ಬರುವುದಿಲ್ಲ.

ಸರಿ, ಗುಡೆಗ್‌ಗೆ ಬರೋಣ.

ಬಿಡಿಸಿದ ಗುಜ್ಜೆ ಒಂದು ಕಿಲೋ. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತಿದ್ದೇನೆ, ಮೇಣ ಹಿಡಿದರೆ ಬಿಡಿಸುವುದು ಕಷ್ಟ. ದೊಡ್ಡ ತುಂಡು ಮಾಡಿ. ಹತ್ತು ನಿಮಿಷ ಕುದಿಸಿ ನೀರು ಚೆಲ್ಲಿ. ಬುಂಬುಗೆ 15 ಸಾಂಬಾರ್ ಈರುಳ್ಳಿ, 7 ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, 8 ಗೋಡಂಬಿ, ಉಪ್ಪು. ದಪ್ಪ ತಳದ ಪಾತ್ರೆಯಲ್ಲಿ ಮೂರು ನಾಲ್ಕು ಸಾಗುವಾನಿ ಎಲೆ ಹಾಸಿ, ಮೇಲೆ ಸಲಾಂ ಎಲೆ, ಜಜ್ಜಿದ ಲೆಂಗ್ಕುವಾಸ್, ಆಮೇಲೆ ಗುಜ್ಜೆ, ಸುಲಿದ ಬೇಯಿಸಿದ ಮೊಟ್ಟೆ (ಬೇಡದವರು ಬಿಡಬಹುದು), ಬುಂಬು, 200 ಗ್ರಾಂ ಓಲೆಬೆಲ್ಲ. ಮುಳುಗುವಷ್ಟು ಎಳನೀರು ಮತ್ತು ಎರಡನೇ ಸಲ ಹಿಂಡಿದ ತೆಂಗಿನ ಹಾಲು.

ಗುಡೆಗ್‌ಗೆ ಬು ಬುಂಬು ಹುರಿಯುತ್ತಿರಲಿಲ್ಲ. ಹಸಿಯಾಗಿಯೇ ಹಾಕುತ್ತಿದ್ದರು. ಹುರಿಯುವ ಕೆಲಸವನ್ನು ಇಲ್ಲಿ ಹೊತ್ತೇ ಮಾಡುತ್ತದೆ, ಸಣ್ಣ ಉರಿಯಲ್ಲಿ ನಾಲ್ಕೈದು ಗಂಟೆ. ಅವರು ರಾತ್ರಿ ಕಟ್ಟಿಗೆ ಒಲೆ ಮೇಲೆ ಇಟ್ಟು ಮಲಗುತ್ತಿದ್ದರು, ಬೆಳಗ್ಗೆ ಎದ್ದರೆ ಕೆಂಡ ಆರಿರುತ್ತಿತ್ತು, ಗುಡೆಗ್ ಆಗಿರುತ್ತಿತ್ತು. ಒಂದು ಸಲ ನಾನು ಕುಕ್ಕರ್ ಹಾಕಿದೆ. ಮೂರು ಸೀಟಿ. ಗುಜ್ಜೆ ಮೆತ್ತಗಾಯಿತು, ಬೆಲ್ಲ ಹೊರಗೇ ಉಳಿಯಿತು, ಬಣ್ಣ ಬೂದಿಯಂತೆ. ಬು ಒಂದು ತುತ್ತು ತಿಂದು "ಸಬರ್, ಮ್ಬಾಕ್" ಅಂದರು. ತಾಳ್ಮೆ ಅಕ್ಕಾ ಅಂತ. ಬೈಯಲಿಲ್ಲ. ಅದನ್ನೇ ಮತ್ತೆ ಪಾತ್ರೆಗೆ ಸುರಿದು ಎಲೆ ಹಾಕಿ ಒಲೆ ಮೇಲೆ ಇಟ್ಟರು, ಸಂಜೆ ಹೊತ್ತಿಗೆ ಸರಿ ಮಾಡಿಕೊಟ್ಟರು.

ನೀರು ಬತ್ತುತ್ತಾ ಬಂದಾಗ ಗುಜ್ಜೆ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ, ಎಳೆಎಳೆಯಾಗಿ ಬಿಡುತ್ತದೆ, ಮೊಟ್ಟೆಯೂ ಕಂದಾಗುತ್ತದೆ. ಮೊದಲ ಹಾಲನ್ನು ಬೇರೆ ಪಾತ್ರೆಯಲ್ಲಿ ಸ್ವಲ್ಪ ಉಪ್ಪು ಹಾಕಿ ದಪ್ಪ ಆಗುವ ತನಕ ಕೈಯಾಡಿಸಬೇಕು, ಕೈ ಬಿಟ್ಟರೆ ಒಡೆಯುತ್ತದೆ. ಅದಕ್ಕೆ "ಅರೆಹ್" ಅನ್ನುತ್ತಾರೆ, ಬಡಿಸುವಾಗ ಮೇಲೆ ಹಾಕುವುದು. ರಸ ಉಳಿಸಿದರೆ ಒದ್ದೆ ಗುಡೆಗ್, ಪೂರ್ತಿ ಬತ್ತಿಸಿದರೆ ಒಣ ಗುಡೆಗ್. ಒಣದ್ದು ಎರಡು ದಿನ ಇರುತ್ತದೆ. ಅರಮನೆ ಹತ್ತಿರದ ವಿಜಿಲಾನ್ ಬೀದಿಯಲ್ಲಿ ಸಾಲಾಗಿ ಗುಡೆಗ್ ಅಂಗಡಿಗಳಿವೆ, ಊರಿಗೆ ಹೋಗುವವರಿಗೆ ಒಣ ಗುಡೆಗ್ಅನ್ನು ಮಣ್ಣಿನ ಗಡಿಗೆಯಲ್ಲಿ ತುಂಬಿ ಕಟ್ಟಿಕೊಡುತ್ತಾರೆ. ಜೋಗ್ಜಾದ ದಕ್ಷಿಣಕ್ಕಿರುವ ಬಂತುಲ್ ಕಡೆ ಗುಜ್ಜೆ ಬದಲು ಎಳೆ ತೆಂಗಿನ ಹೊಂಬಾಳೆಯಲ್ಲೇ ಗುಡೆಗ್ ಮಾಡುತ್ತಾರೆ. ಒಂದೇ ಒಂದು ಸಲ ತಿಂದೆ, ಇನ್ನೂ ನೆನಪಿದೆ.

ಇದು ಸಿಹಿ ಅಡುಗೆ. ಮೊದಲ ಸಲ ತಿಂದವರು ಊಟಕ್ಕೆ ಇಷ್ಟು ಸಿಹಿಯಾ ಅನ್ನುತ್ತಾರೆ. ಅದಕ್ಕೇ ಅಲ್ಲಿ ಪಕ್ಕದಲ್ಲಿ ಖಾರದ ಕ್ರೆಚೆಕ್ ಬಡಿಸುತ್ತಾರೆ, ದನದ ಚರ್ಮ ಒಣಗಿಸಿ ಮಾಡಿದ್ದು. ನಾನು ತಿನ್ನುವುದಿಲ್ಲ, ಬದಲಿಗೆ ಕೆಂಪು ಬುಂಬುವಿನಲ್ಲಿ ತೋಫು ಹಾಕಿ ಖಾರ ಪಲ್ಯ ಮಾಡುತ್ತೇನೆ. ಖಾರ ಬೇಕೇ ಬೇಕು, ಬರೀ ಗುಡೆಗ್ ಬಡಿಸಬೇಡಿ.

ಒಂದು ಕಷ್ಟ ಇದೆ. ಗುಜ್ಜೆ ಬಿಡುವ ಹೊತ್ತಿಗೆ ನಮ್ಮ ಕಡೆ ಸಾಗುವಾನಿ ಎಲೆ ಉದುರಿ ಮರ ಬೋಳಾಗಿರುತ್ತದೆ. ಹಾಗಾಗಿ ಮಳೆಗಾಲದಲ್ಲೇ ಚಿಗುರೆಲೆ ಕೊಯ್ದು ಫ್ರೀಜರಿನಲ್ಲಿ ಇಟ್ಟುಕೊಳ್ಳುತ್ತೇನೆ. ಎಲೆ ಇಲ್ಲದವರು ಬಟ್ಟೆಯಲ್ಲಿ ಒಂದು ಚಮಚ ಟೀಪುಡಿ ಕಟ್ಟಿ ಹಾಕಿ, ಜಾವಾದವರೇ ಎಲೆ ಸಿಗದಾಗ ಹಾಗೆ ಮಾಡುತ್ತಾರೆ.

ಗುಡೆಗ್ ಜೊತೆ ತೆಂಪೆ ಇಲ್ಲದಿದ್ದರೆ ನನಗೆ ಊಟ ಅನ್ನಿಸುವುದಿಲ್ಲ. ಸೋಯಾ ಕಾಳು ಹುದುಗಿಸಿ ಮಾಡುವ ಬಿಳಿ ಗಟ್ಟಿ, ಹುಟ್ಟಿದ್ದು ಜಾವಾದಲ್ಲೇ. ಅದಕ್ಕೆ ಹಾಕುವ ಹೆಪ್ಪಿನ ಪುಡಿಗೆ ಅಲ್ಲಿ ಏನನ್ನುತ್ತಾರೆ ಗೊತ್ತಾ? "ರಾಗಿ". ಅಂಗಡಿಯಲ್ಲಿ ರಾಗಿ ತೆಂಪೆ ಅಂತ ಬರೆದದ್ದು ನೋಡಿ ನಾನು ನಮ್ಮ ರಾಗಿಯೇ ಸಿಕ್ಕಿತು ಅಂತ ಓಡಿದ್ದೆ. ಕಾಳು ರಾತ್ರಿ ನೆನೆಸಿ, ಉಜ್ಜಿ ಸಿಪ್ಪೆ ತೆಗೆದು, ಮುಕ್ಕಾಲು ಗಂಟೆ ಬೇಯಿಸಿ, ಬಟ್ಟೆ ಮೇಲೆ ಹರಡಿ ಚೆನ್ನಾಗಿ ಆರಿಸಬೇಕು. ಈ ಆರಿಸುವುದರಲ್ಲೇ ಎಲ್ಲ ಇದೆ. ಬೆಂಗಳೂರಿನಲ್ಲಿ ನನ್ನ ಮೊದಲ ಎರಡು ತೆಂಪೆ ಹಾಳಾದವು. ಒಂದರಲ್ಲಿ ಕಾಳು ಒದ್ದೆ ಇತ್ತು, ಲೋಳೆ ಕಟ್ಟಿತು. ಇನ್ನೊಂದನ್ನು ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದೆ. ಈಗ ಅರ್ಧ ಕಿಲೋ ಕಾಳಿಗೆ ಒಂದು ಚಮಚ ವಿನೆಗರ್, ಒಂದು ಚಿಕ್ಕ ಚಮಚ ಹೆಪ್ಪಿನ ಪುಡಿ ಕಲಸಿ, ಬಾಳೆ ಎಲೆಯಲ್ಲಿ ಸಡಿಲವಾಗಿ ಕಟ್ಟಿ, ದೀಪ ಮಾತ್ರ ಉರಿಯುವ ಓವನ್ನಿನಲ್ಲಿ ಇಡುತ್ತೇನೆ. ಸುಮಾರು 30 ಡಿಗ್ರಿ ಬೆಚ್ಚಗಿದ್ದರೆ ಒಂದೂವರೆ ದಿನದಲ್ಲಿ ಬಿಳಿ ಹತ್ತಿಯಂತೆ ಬೆಳೆದು ಕಾಳುಗಳನ್ನೆಲ್ಲ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಅಣಬೆಯ ವಾಸನೆ ಬರಬೇಕು. ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ ಎಸೆಯಿರಿ, ಯೋಚಿಸಬೇಡಿ.

ಅದನ್ನು ತುಂಡು ಮಾಡಿ ಎಳನೀರು, ಓಲೆಬೆಲ್ಲ, ಹುಣಸೆ, ಬಿಳಿ ಬುಂಬು ಹಾಕಿ ನೀರು ಪೂರ್ತಿ ಬತ್ತುವ ತನಕ ಬೇಯಿಸಿ ಆಮೇಲೆ ಎಣ್ಣೆಯಲ್ಲಿ ಒಮ್ಮೆ ಹೊರಳಿಸಿದರೆ ತೆಂಪೆ ಬಾಚೆಮ್. ಹುಣಸೆಗೆ ಅಲ್ಲಿ "ಅಸಮ್ ಜಾವ" ಅಂತ ಹೆಸರು, ಜಾವಾದ ಹುಳಿ. ಎಣ್ಣೆಯಲ್ಲಿ ಜಾಸ್ತಿ ಹೊತ್ತು ಬಿಡಬೇಡಿ, ಬೆಲ್ಲ ಇರುವುದರಿಂದ ಕ್ಷಣದಲ್ಲಿ ಸೀದು ಹೋಗುತ್ತದೆ.

ನಾಸಿ ಗೊರೆಂಗ್ ಬಗ್ಗೆ ಬರೆಯಿರಿ ಅಂತ ಕೆಲವರು ಕೇಳಿದ್ದೀರಿ. ಅದು ರಾತ್ರಿ ಉಳಿದ ಅನ್ನದ ಬೆಳಗಿನ ತಿಂಡಿ, ನಮ್ಮ ಚಿತ್ರಾನ್ನದ ಹಾಗೆ. ಕೆಂಪು ಬುಂಬು ಚೆನ್ನಾಗಿ ಹುರಿದು, ತಣ್ಣಗಿನ ಅನ್ನ, ಕೆಚಾಪ್ ಮಾನಿಸ್ ಅನ್ನುವ ಸಿಹಿ ಸೋಯಾ ಸಾಸ್. ಅಷ್ಟೇ.

ಲೋಡೆ ಬಗ್ಗೆ ಮಾತ್ರ ಹೇಳಲೇಬೇಕು. ತರಕಾರಿಗಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ತೆಳ್ಳಗಿನ ಸಾರು. ಇಲ್ಲಿ ಬುಂಬು ಹುರಿಯಲೇಬೇಕು, ಎಣ್ಣೆ ಬಿಡುವ ತನಕ. ಏಳು ಬಗೆಯದನ್ನು ಸೇರಿಸಿ ಲೋಡೆ ಮಾಡಿ ಉಂಡರೆ ಊರಿಗೆ ಬಂದ ರೋಗ ದೂರ ಹೋಗುತ್ತದೆ ಅನ್ನುವ ನಂಬಿಕೆ ಜೋಗ್ಜಾದಲ್ಲಿದೆ. 2020ರಲ್ಲಿ ಕೊರೋನಾ ಬಂದಾಗ ಅಲ್ಲಿ ತುಂಬ ಮನೆಗಳಲ್ಲಿ ಮಾಡಿದರು. ನಾವು ಅಷ್ಟರಲ್ಲಿ ವಾಪಸ್ ಬಂದಿದ್ದೆವು. ಬು ಫೋಟೋ ಕಳಿಸಿದ್ದರು, ನೀನೂ ಮಾಡು ಅಂದರು. ಅಲಸಂದೆ, ಬದನೆ, ಕುಂಬಳ, ಸೀಮೆಬದನೆ, ತೆಂಪೆ ಹಾಕಿ ಮಾಡಿದ್ದೆ. ಐದೇ ಆಯಿತು. ಲಾಕ್‌ಡೌನಿನಲ್ಲಿ ಬೇರೆ ಏನೂ ಸಿಗಲಿಲ್ಲ.

ಮೊನ್ನೆಯ ಗುಡೆಗ್ ಐದು ಗಂಟೆ ತೆಗೆದುಕೊಂಡಿತು. ಮಗಳು ಅರೆಹ್ ಮಾತ್ರ ನೆಕ್ಕಿದಳು, ಗಂಡ ಮೂರು ಸಲ ಹಾಕಿಸಿಕೊಂಡರು. ಪಲ್ಯಕ್ಕೆ ಅಂತ ಇಟ್ಟ ಇನ್ನೊಂದು ಗುಜ್ಜೆಯ ಅರ್ಧ ಫ್ರಿಡ್ಜಿನಲ್ಲಿ ಉಳಿದಿದೆ. ಭಾನುವಾರ ಅದು ಲೋಡೆಗೆ ಹೋಗುತ್ತದೆ, ಈ ಸಲ ಏಳು ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಯಾರ ಮನೆಯಲ್ಲಾದರೂ ಲೆಂಗ್ಕುವಾಸ್ ಗಿಡ ಇದ್ದರೆ ಒಂದು ತುಂಡು ಗೆಡ್ಡೆ ಕೊಡಿ, ನನ್ನ ಕುಂಡದ್ದು ಕೊಳೆತು ಹೋಗಿದೆ. ಬದಲಿಗೆ ಮಜ್ಜಿಗೆ ಹುಲ್ಲು ಎಷ್ಟು ಬೇಕಾದರೂ ಕೊಡುತ್ತೇನೆ.