20ನೇ ಮೇನ್ ರೆಜಿಮೆಂಟ್ ನಡೆದ ದಾರಿಯಲ್ಲಿ: ಹೋಗಬೇಕು ಅಂದುಕೊಂಡವರಿಗೆ ಒಂದಷ್ಟು ಮಾಹಿತಿ

ವಾಷಿಂಗ್ಟನ್ ಸುತ್ತಮುತ್ತ ಇರುವ ನಮ್ಮ ಕನ್ನಡದವರು ತುಂಬಾ ಜನ ಅಮೆರಿಕದ ಅಂತರ್ಯುದ್ಧದ ರಣರಂಗವಾದ ಗೆಟ್ಟಿಸ್ಬರ್ಗ್‌ಗೆ ಒಂದು ಸಲ ಹೋಗಿ ಬಂದಿರುತ್ತಾರೆ. ಹೇಗಿತ್ತು ಅಂತ ಕೇಳಿದರೆ, "ಎಲ್ಲಿ ನೋಡಿದರೂ ಕಲ್ಲು, ಫಿರಂಗಿ. ಯಾವುದು ಯಾರದ್ದು ಅಂತಾನೇ ಗೊತ್ತಾಗಲಿಲ್ಲ" ಅನ್ನುತ್ತಾರೆ. ಅದು ನಿಜವೇ. ಆ ಮೈದಾನದಲ್ಲಿ 1,300ಕ್ಕೂ ಹೆಚ್ಚು ಸ್ಮಾರಕಗಳಿವೆ. ಎಲ್ಲವನ್ನೂ ನೋಡಲು ಹೊರಟರೆ ಒಂದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಅದಕ್ಕೇ ಹೇಳುವುದು, ಒಂದೇ ಒಂದು ರೆಜಿಮೆಂಟ್, ಅಂದರೆ ಸೈನ್ಯದ ಒಂದು ಪಡೆ, ಆರಿಸಿಕೊಳ್ಳಿ. ಅದು ಎಲ್ಲೆಲ್ಲಿ ಹೋಯಿತೋ ಅಲ್ಲಿಗೆ ಹೋಗಿ. ನಾವು ಆರಿಸಿಕೊಂಡದ್ದು 20ನೇ ಮೇನ್.

ಇದು ಉತ್ತರದ ರಾಜ್ಯಗಳ (ಯೂನಿಯನ್) ಪರ ಕಾದ ಸ್ವಯಂಸೇವಕರ ಪಡೆ. ಅಮೆರಿಕದ ಅಂತರ್ಯುದ್ಧ ಶುರುವಾಗಿ ಒಂದು ವರ್ಷ ದಾಟಿದ ಮೇಲೆ, 1862ರ ಆಗಸ್ಟ್‌ನಲ್ಲಿ, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಸೇರಿದ್ದು. ರೈತರು, ಮರ ಕಡಿಯುವವರು, ಕೂಲಿ ಮಾಡುವವರು. ಪಡೆಯ ಎರಡನೇ ಅಧಿಕಾರಿ ಜೋಶುವಾ ಚೇಂಬರ್ಲೇನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಮೂರು ವಾರದೊಳಗೆ ಇವರನ್ನು ಆಂಟಿಟಮ್ ಕದನಕ್ಕೆ ತಂದು ನಿಲ್ಲಿಸಿದರು. ಅಲ್ಲಿ ಮೀಸಲು ಪಡೆಯಾಗಿ ಉಳಿದರು, ಕಾದಲಿಲ್ಲ. ಹಾಗಾಗಿ ಸಮಯ ಕಡಿಮೆ ಇದ್ದರೆ ಆಂಟಿಟಮ್ ಬಿಡಬಹುದು.

ಇಸವಿಯ ಪ್ರಕಾರವೇ ಹೋಗಬೇಕು ಅಂತ ಹಟ ಬೇಡ, ಸುಮ್ನೆ ಕಾರು ಹಿಂದೆ ಮುಂದೆ ಓಡಿಸಬೇಕಾಗುತ್ತದೆ. ಗೆಟ್ಟಿಸ್ಬರ್ಗ್ ವಾಷಿಂಗ್ಟನ್‌ನಿಂದ ಉತ್ತರಕ್ಕೆ, ಎರಡು ಗಂಟೆಯೊಳಗಿನ ದಾರಿ. ಅದಕ್ಕೆ ಒಂದು ವಾರಾಂತ್ಯ ಇಡಿ. ದಕ್ಷಿಣದ ಫ್ರೆಡೆರಿಕ್ಸ್‌ಬರ್ಗ್ ಮತ್ತು ಅಪೊಮ್ಯಾಟಕ್ಸ್‌ಗೆ ಇನ್ನೊಂದು.

ಗೆಟ್ಟಿಸ್ಬರ್ಗ್ ಮೈದಾನಕ್ಕೆ ಟಿಕೆಟ್ ಇಲ್ಲ, ಮ್ಯೂಸಿಯಂಗೆ ಇದೆ. ಲೈಸೆನ್ಸ್ ಇರುವ ಗೈಡ್‌ಗಳು ಸಿಗುತ್ತಾರೆ, ನಿಮ್ಮ ಕಾರನ್ನೇ ಓಡಿಸಿಕೊಂಡು ತೋರಿಸುತ್ತಾರೆ. ಮೊದಲೇ ಬುಕ್ ಮಾಡಿ, ಬುಕ್ ಮಾಡುವಾಗಲೇ "ನಮಗೆ 20ನೇ ಮೇನ್ ಕಥೆ ಬೇಕು" ಅಂತ ಹೇಳಿಬಿಡಿ.

ಬೆಳಿಗ್ಗೆ ಬೇಗ ಲಿಟಲ್ ರೌಂಡ್ ಟಾಪ್ ಬೆಟ್ಟಕ್ಕೆ ಹೋಗಿ, ತಡವಾದರೆ ಪಾರ್ಕಿಂಗ್ ಸಿಗುವುದು ಕಷ್ಟ. ಬೆಟ್ಟ ಅಂದ ತಕ್ಷಣ ನಂದಿ ಬೆಟ್ಟ ನೆನೆಸಿಕೊಳ್ಳಬೇಡಿ, ಇದು ಒಂದು ಗುಡ್ಡ ಅಷ್ಟೇ. ಜನರೆಲ್ಲ ತುದಿಯಲ್ಲಿರುವ ಜನರಲ್ ವಾರನ್ ಪ್ರತಿಮೆ ಹತ್ತಿರ ಫೋಟೋ ತೆಗೆದು ವಾಪಸ್ ಹೊರಡುತ್ತಾರೆ. ನೀವು ದಕ್ಷಿಣದ ಇಳಿಜಾರಿನಲ್ಲಿ ಮರಗಳ ನಡುವೆ ಇಳಿಯಿರಿ. ಅಲ್ಲೊಂದು ಸಾದಾ ಗ್ರಾನೈಟ್ ಕಲ್ಲು ಸಿಗುತ್ತದೆ. ರೆಜಿಮೆಂಟಿನಲ್ಲಿ ಬದುಕುಳಿದವರೇ 1886ರಲ್ಲಿ ನೆಟ್ಟದ್ದು. ತಮ್ಮ ಬಾವುಟ ಹೆಚ್ಚುಕಮ್ಮಿ ಇದೇ ಜಾಗದಲ್ಲಿತ್ತು ಅಂತ ಅದರಲ್ಲಿ ಬರೆಸಿದ್ದಾರೆ. ಕಾದವರು 358, ಸತ್ತವರು 38, ಗಾಯಗೊಂಡವರು 93. ಸತ್ತವರ ಹೆಸರುಗಳೂ ಕೆತ್ತಿವೆ. ಒಂದೊಂದಾಗಿ ಓದಿ, ಅವಸರ ಮಾಡಬೇಡಿ.

1863ರ ಜುಲೈ 2ರ ಸಂಜೆ ಇಡೀ ಸೈನ್ಯದ ಎಡ ತುದಿ ಇದೇ ಜಾಗವಾಗಿತ್ತು. ಇವರು ಸರಿದರೆ ಶತ್ರು ಹಿಂದಿನಿಂದ ನುಗ್ಗಬಹುದಿತ್ತು. ದಕ್ಷಿಣದವರ (ಕಾನ್ಫೆಡರೇಟ್) ಸೈನ್ಯದ 15ನೇ ಅಲಬಾಮಾದವರು ಮೇಲಿಂದ ಮೇಲೆ ಏರಿ ಬಂದರು. ಇವರ ಹತ್ತಿರ ತಲಾ 60 ತೋಟಾ, ಅವೂ ಮುಗಿಯುತ್ತ ಬಂದವು. ಕೊನೆಗೆ, ಅಷ್ಟರಲ್ಲಿ ಪಡೆಯ ಮುಖ್ಯಸ್ಥರಾಗಿದ್ದ ಚೇಂಬರ್ಲೇನ್ ಬಯೊನೆಟ್ (ಕೋವಿ ತುದಿಯ ಚೂರಿ) ಹಿಡಿಯಲು ಹೇಳಿದರು, ಪಡೆ ಇಳಿಜಾರಿನಲ್ಲಿ ಕೆಳಗೆ ನುಗ್ಗಿತು. ಸ್ಮಾರಕದಿಂದ ಪೂರ್ವಕ್ಕೆ ಸ್ವಲ್ಪ ನಡೆದರೆ ಇದೇ ಪಡೆಯ ಒಂದು ತುಕಡಿಯಾದ 'ಬಿ' ಕಂಪನಿಯ ಸಣ್ಣ ಕಲ್ಲು ಇದೆ. ಕಲ್ಲುಗೋಡೆ ಹಿಂದೆ ಅಡಗಿದ್ದ ಈ ಕಂಪನಿ ಅದೇ ಹೊತ್ತಿಗೆ ಪಕ್ಕದಿಂದ ಗುಂಡು ಹಾರಿಸಿತು. ಇದನ್ನು ನೋಡದೆ ಬಂದರೆ ಕಥೆ ಅರ್ಧವೇ ಸಿಕ್ಕಂತೆ.

ಆ ದಿನ ಬಾವುಟ ಹಿಡಿದು ನಿಂತಿದ್ದ ಆಂಡ್ರ್ಯೂ ಟೋಜಿಯರ್ 2ನೇ ಮೇನ್‌ನಿಂದ ಬಂದವರು. ಆ ರೆಜಿಮೆಂಟಿನವರೆಲ್ಲ ಅವಧಿ ಮುಗಿಸಿ ಮನೆಗೆ ಹೋದಾಗ, ಮೂರು ವರ್ಷಕ್ಕೆ ಸಹಿ ಹಾಕಿದ್ದ 120 ಜನರನ್ನು ಮಾತ್ರ ಬಿಡಲಿಲ್ಲ. ಅವರು ದಂಗೆ ಎದ್ದರು. ಅವರನ್ನು ಕಾವಲಿನಲ್ಲಿ 20ನೇ ಮೇನ್ ಹತ್ತಿರ ಕಳಿಸಿದರು. ಚೇಂಬರ್ಲೇನ್ ಮೊದಲು ಊಟ ಹಾಕಿಸಿದರು, ಆಮೇಲೆ ಅವರ ದೂರು ಕೇಳಿದರು. ಹೆಚ್ಚುಕಮ್ಮಿ ಎಲ್ಲರೂ ಕೋವಿ ಹಿಡಿದರು. ಬಯೊನೆಟ್ ದಾಳಿಗಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಎದುರು ಪಕ್ಷದವರ ಕಷ್ಟವೂ ಕಡಿಮೆ ಇರಲಿಲ್ಲ. ಅಲಬಾಮಾದವರು ಅವತ್ತು 25 ಮೈಲಿ ಆಸುಪಾಸು ನಡೆದು ಬಂದಿದ್ದರು. ನೀರು ತುಂಬಿಸಲು ಕಳಿಸಿದವರು ವಾಪಸ್ ಬರುವ ಮೊದಲೇ ದಾಳಿಗೆ ಆಜ್ಞೆ ಬಂತು. ಅವರ ಮುಂದಾಳು ವಿಲಿಯಂ ಓಟ್ಸ್ ಈ ಗುಡ್ಡದಲ್ಲಿ ತಮ್ಮನನ್ನು ಕಳೆದುಕೊಂಡರು. ಮುಂದೆ ತನ್ನವರಿಗೂ ಇಲ್ಲೊಂದು ಕಲ್ಲು ಇಡಬೇಕು ಅಂತ ಬಹಳ ಓಡಾಡಿದರು, ಆಗಲಿಲ್ಲ. ಸ್ಮಾರಕದ ಎದುರು ನಿಂತಾಗ ಬೆನ್ನ ಹಿಂದಿನ ಇಳಿಜಾರನ್ನೂ ಒಮ್ಮೆ ತಿರುಗಿ ನೋಡಿ.

ಎಲೆ ಉದುರಿದ ಮೇಲೆ, ನವೆಂಬರ್‌ನಲ್ಲೋ ಮಾರ್ಚ್‌ನಲ್ಲೋ ಹೋದರೆ ನೆಲದ ಏರುಪೇರು ಚೆನ್ನಾಗಿ ಕಾಣುತ್ತದೆ. ಜುಲೈ ಮೊದಲ ವಾರ ಜನಜಂಗುಳಿ, ಸೆಕೆ ಬೇರೆ. ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆ ಹುಳ (ಟಿಕ್) ಜಾಸ್ತಿ, ಉದ್ದ ಪ್ಯಾಂಟ್ ಹಾಕಿ. ಗುಂಡಿನ ಚೂರು ಸಿಕ್ಕರೂ ಎತ್ತಿಕೊಳ್ಳುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಫ್ರೆಡೆರಿಕ್ಸ್‌ಬರ್ಗ್‌ಗೆ ಐ-95ರಲ್ಲಿ ಶುಕ್ರವಾರ ಸಂಜೆ ಮಾತ್ರ ಹೊರಡಬೇಡಿ. ಶನಿವಾರ ಬೆಳಿಗ್ಗೆ ಹೊರಟರೆ ಸಾಕು. 1862ರ ಡಿಸೆಂಬರ್ 13ರ ಸಂಜೆ 20ನೇ ಮೇನ್ ಇಲ್ಲಿ ಶತ್ರುಗಳು ಅಡಗಿದ್ದ ಕಲ್ಲುಗೋಡೆಯತ್ತ ನುಗ್ಗಿತು, ರಾತ್ರಿಯಿಡೀ ಚಳಿಯಲ್ಲಿ ಹೆಣಗಳ ಮರೆಯಲ್ಲಿ ಮಲಗಿತು. ಅವರು ಮಲಗಿದ ಬಯಲು ಈಗ ಮನೆಗಳಾಗಿದೆ. ಉಳಿದಿರುವುದು ಗೋಡೆ ಪಕ್ಕದ ತಗ್ಗು ರಸ್ತೆ. ಮೇಲಿನ ದಿಣ್ಣೆಯ ಸೈನಿಕರ ಸ್ಮಶಾನಕ್ಕೆ ತಪ್ಪದೆ ಹತ್ತಿ. 15,000ಕ್ಕೂ ಹೆಚ್ಚು ಜನ, ಬಹುಪಾಲು ಗುರುತು ಸಿಗದವರು. ಸಣ್ಣ ಚೌಕ ಕಲ್ಲುಗಳ ಮೇಲೆ ಎರಡು ಸಂಖ್ಯೆ ಇರುತ್ತದೆ. ಮೇಲಿನದು ಸಮಾಧಿಯ ನಂಬರ್, ಕೆಳಗಿನದು ಅದರಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಅಲ್ಲಿಂದ ಅಪೊಮ್ಯಾಟಕ್ಸ್ ಸುಮಾರು ಎರಡೂವರೆ ಗಂಟೆ. ದಕ್ಷಿಣದವರ ಸೇನಾಪತಿ ಲೀ ಶರಣಾದದ್ದು 1865ರ ಏಪ್ರಿಲ್ 9ಕ್ಕೆ. ಶರಣಾಗತಿ ನಡೆದ ಜಾಗ ಅಂತ ಎಲ್ಲರೂ ನೋಡುವ ಮೆಕ್ಲೀನ್ ಮನೆ ಮೂಲ ಕಟ್ಟಡವಲ್ಲ, ಮತ್ತೆ ಕಟ್ಟಿದ್ದು. ನೀವು ಊರೊಳಗಿನ ಹಳೇ ಮಣ್ಣಿನ ರಸ್ತೆಯಲ್ಲಿ ನಡೆಯಿರಿ. ಏಪ್ರಿಲ್ 12ರಂದು ಸೋತವರು ಕೋವಿ ಕೆಳಗಿಡಲು ಬಂದಾಗ, ಚೇಂಬರ್ಲೇನ್ ತಮ್ಮ ಸಾಲಿನಿಂದ ಅವರಿಗೆ ಸೈನಿಕ ಗೌರವ ಕೊಡಿಸಿದ್ದು ಈ ರಸ್ತೆಯಲ್ಲೇ. 20ನೇ ಮೇನ್‌ನವರೂ ಆ ಸಾಲಿನಲ್ಲಿದ್ದರು. ಮೂರು ವರ್ಷದಲ್ಲಿ ಅವರಲ್ಲಿ 293 ಜನ ಸತ್ತಿದ್ದರು, ಅರ್ಧದಷ್ಟು ಜನ ಗುಂಡಿನಿಂದಲ್ಲ, ಕಾಯಿಲೆಯಿಂದ.

ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಅಪೊಮ್ಯಾಟಕ್ಸ್ ಸುಲಭ, ಹೆಚ್ಚು ಏರಿಳಿತ ಇಲ್ಲ. ಗೆಟ್ಟಿಸ್ಬರ್ಗ್‌ನಲ್ಲಿ ಮಂಡಿ ನೋವಿರುವವರನ್ನು ತುದಿಯಲ್ಲೇ ಕೂರಿಸಿ, ಒಬ್ಬರು ಜೊತೆಗಿರಿ, ಉಳಿದವರು ಕೆಳಗಿಳಿಯಿರಿ. ವಾಪಸ್ ವಾಷಿಂಗ್ಟನ್‌ಗೆ ಮೂರು ಗಂಟೆಗೂ ಜಾಸ್ತಿ ಬೇಕು, ಮಧ್ಯಾಹ್ನವೇ ಅಪೊಮ್ಯಾಟಕ್ಸ್ ಬಿಡಿ.